ಯಾರಿಗೆ ಕಷ್ಟದ ಪುಸ್ತಕ?

ಕನ್ನಡ ಕಲಿಯಲು ಹೊರಟವರು ಯಾವ ಪುಸ್ತಕ ಓದಲಿ ಎಂದು ಕೇಳಿದರೆ ಹೊಸಪೇಟೆಯಲ್ಲಾಗಲಿ ಬೆಂಗಳೂರಿನಲ್ಲಾಗಲಿ ಸಿಗುವ ಉತ್ತರ ಹೆಚ್ಚುಕಡಿಮೆ ಒಂದೇ: ಮೊದಲು ವಚನ ಓದಿ, ಆಮೇಲೆ ಈಗಿನವರ ಕಥೆ ಓದಿ, ಹಳೆಯ ಕಾವ್ಯದ ತಂಟೆಗೆ ಹೋಗಬೇಡಿ. ಈ ಸಲಹೆಯ ಹಿಂದೆ ಮೂರು ನಂಬಿಕೆಗಳಿವೆ. ವಾಕ್ಯ ಚಿಕ್ಕದಿದ್ದರೆ ಸುಲಭ, ಪದ ಚಿಕ್ಕದಿದ್ದರೆ ಸುಲಭ, ಇತ್ತೀಚಿನದಾದರೆ ಇನ್ನೂ ಸುಲಭ. ಹುಟ್ಟಿನಿಂದ ಕನ್ನಡ ಬಲ್ಲವರ ಮಟ್ಟಿಗೆ ಇವು ತಕ್ಕಮಟ್ಟಿಗೆ ನಿಜವಿರಬಹುದು. ಕಲಿಯುವವರ ಮಟ್ಟಿಗೆ ಮೂರೂ ಕೈಕೊಡುತ್ತವೆ. ಒಂದು ಕೃತಿ ಎಷ್ಟು ಕಷ್ಟ ಎಂದು ಅಳೆಯುವ ಮೊದಲು ಓದುವವರ ಮನೆಮಾತು ಯಾವುದು, ಅವರು ಕನ್ನಡವನ್ನು ಕಿವಿಯಿಂದ ಕಲಿತರೋ ಪುಸ್ತಕದಿಂದಲೋ ಎಂದು ಕೇಳದಿದ್ದರೆ ಆ ಅಳತೆಗೆ ಅರ್ಥವಿಲ್ಲ ಎಂಬುದು ನನ್ನ ವಾದ. ಇದನ್ನು ಪರೀಕ್ಷಿಸಲು ನಮ್ಮ ಸೀಮೆಗಿಂತ ಒಳ್ಳೆಯ ಜಾಗವಿಲ್ಲ. ತುಂಗಭದ್ರೆಯ ನೀರು ನಂಬಿ ಬಂದು ಕಂಪ್ಲಿಯ ಸುತ್ತ ಕ್ಯಾಂಪುಗಳಲ್ಲಿ ನೆಲೆಸಿದ ತೆಲುಗು ರೈತರು, ಸಂಡೂರು ಗುಡ್ಡಗಳ ತಾಂಡಾಗಳಲ್ಲಿರುವ ಲಂಬಾಣಿಗಳು, 1949ರವರೆಗೆ ಘೋರ್ಪಡೆಯವರ ಸಂಸ್ಥಾನವಾಗಿದ್ದ ಅದೇ ಸಂಡೂರಿನ ಮರಾಠಿ ಮನೆಗಳು, ಹೊಸಪೇಟೆಯ ಉರ್ದು ಕುಟುಂಬಗಳು, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಬಂದ ಉತ್ತರದವರು, ಎಲ್ಲರೂ ಕನ್ನಡವನ್ನು ಮನೆಯ ಹೊರಗೆ ಕಲಿಯುವವರೇ. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆಯ ನಂತರ ಕೇಂದ್ರ ಪಠ್ಯಕ್ರಮದ ಶಾಲೆಗಳಲ್ಲೂ ಇವರ ಮಕ್ಕಳು ಕನ್ನಡ ಓದಲೇಬೇಕು.

ಕಷ್ಟವನ್ನು ಅಂಕಿಯಲ್ಲಿ ಹಿಡಿಯುವ ಪ್ರಯತ್ನಗಳಲ್ಲಿ ನನಗೆ ಮೆಚ್ಚಿಗೆಯಾದದ್ದು ಸ್ವೀಡನ್ನಿನದು. ಕಾರ್ಲ್-ಹ್ಯೂಗೊ ಬ್ಯೋರ್ನ್‌ಸನ್ 1968ರಲ್ಲಿ ರೂಪಿಸಿದ ‘ಲಿಕ್ಸ್’ ಎಂಬ ಸೂತ್ರ ತೀರಾ ಸರಳ: ಒಂದು ವಾಕ್ಯಕ್ಕೆ ಸರಾಸರಿ ಎಷ್ಟು ಪದ ಎಂದು ಎಣಿಸಿ, ಆರಕ್ಕಿಂತ ಹೆಚ್ಚು ಅಕ್ಷರಗಳಿರುವ ಪದ ನೂರಕ್ಕೆ ಎಷ್ಟು ಎಂದು ನೋಡಿ, ಎರಡನ್ನೂ ಕೂಡಿಸಿಬಿಡುವುದು. ಮೊತ್ತ 30ರೊಳಗಿದ್ದರೆ ಮಕ್ಕಳ ಪುಸ್ತಕ, 60 ದಾಟಿದರೆ ಸರ್ಕಾರಿ ಕಡತದಂಥ ಗದ್ಯ. ಬೇರೆಡೆ ಬಳಕೆಯಲ್ಲಿದ್ದ ಉಚ್ಚಾರಾಂಶ ಎಣಿಸುವ ತಾಪತ್ರಯ ಇದರಲ್ಲಿಲ್ಲ. ಆದರೆ ಸ್ವೀಡಿಷ್ ಸಾಹಿತ್ಯವೇ ಈ ಸೂತ್ರಕ್ಕೆ ಪೂರ್ತಿ ಬಗ್ಗುವುದಿಲ್ಲ. 2011ರಲ್ಲಿ ನೊಬೆಲ್ ಪಡೆದ ಟೊಮಾಸ್ ಟ್ರಾನ್ಸ್‌ಟ್ರೋಮರ್ ಅವರ ಕವಿತೆಗಳಲ್ಲಿ ಪದಗಳೆಲ್ಲ ದಿನಬಳಕೆಯವು, ವಾಕ್ಯಗಳು ಗಿಡ್ಡ. ಆ ಭಾಷೆ ಕಲಿಯುವವರು ಅಲ್ಲೇ ಎಡವುತ್ತಾರೆ.

ಇದೇ ಸೂತ್ರವನ್ನು ಕನ್ನಡಕ್ಕೆ ಹಚ್ಚಿದರೆ ಮೊದಲ ಹೆಜ್ಜೆಯಲ್ಲೇ ತಕರಾರು. ಎಣಿಸುವುದು ಏನನ್ನು? ‘ಮನೆಯಲ್ಲಿ’ ಎಂಬುದರಲ್ಲಿ ಬರೆಯುವಾಗ 4 ಅಕ್ಷರ, ಸ್ವರ ವ್ಯಂಜನ ಬಿಡಿಸಿ ಎಣಿಸಿದರೆ 9. ಕಲಿಕೆಯ ಮೊದಲ ವಾರದಲ್ಲೇ ಬಾಯಿಗೆ ಬರುವ ಪದ ಒಂದು ಎಣಿಕೆಯಲ್ಲಿ ಚಿಕ್ಕದು, ಇನ್ನೊಂದರಲ್ಲಿ ದೊಡ್ಡದು. ‘ಹೋಗಬೇಕಾಗಿದ್ದುದರಿಂದ’ ಎಂಬುದು ಯಾವ ಎಣಿಕೆಯಲ್ಲೂ ದೈತ್ಯನೇ, ಬಿಡಿಸಿ ನೋಡಿದರೆ 20 ಬೀಳುತ್ತದೆ. ಆದರೆ ಹೋಗು, ಬೇಕು, ಆಗು, ಇರು ಎಂಬ ಧಾತುಗಳನ್ನೂ ‘ಇಂದ’ ಎಂಬ ಪ್ರತ್ಯಯವನ್ನೂ ಬಲ್ಲವರಿಗೆ ಅದರಲ್ಲಿ ಹೊಸದೇನೂ ಇಲ್ಲ. ತೆಲುಗಿನವರಿಗಂತೂ ಇಂಥ ಪೋಣಿಕೆ ಮನೆಯಲ್ಲೇ ಅಭ್ಯಾಸ. ಅದೇ ‘ಅರಿವು’, ‘ಬಯಲು’, ‘ಕುರುಹು’ ಎಂಬ ಮೂರಕ್ಷರದ ಪದಗಳು ವಚನದಲ್ಲಿ ಬಂದಾಗ ನಿಘಂಟು ಪಕ್ಕದಲ್ಲಿದ್ದರೂ ಬಗೆಹರಿಯುವುದಿಲ್ಲ.

ವಾಕ್ಯದ ಉದ್ದವೂ ಹೀಗೆಯೇ ಮೋಸ ಮಾಡುತ್ತದೆ. ‘ಬೆಳಿಗ್ಗೆ ಎದ್ದು, ಮುಖ ತೊಳೆದು, ರೊಟ್ಟಿ ಕಟ್ಟಿಕೊಂಡು, ಬಸ್ಸು ಹತ್ತಿ, ಕಂಪ್ಲಿಗೆ ಹೋಗಿ, ಬಿತ್ತನೆ ಬೀಜ ತಂದು, ಸಂಜೆ ಮನೆ ಸೇರಿದ’ ಎಂಬಲ್ಲಿ 16 ಪದಗಳಿವೆ. ಲಿಕ್ಸ್ ಲೆಕ್ಕದಲ್ಲಿ ಭಾರದ ವಾಕ್ಯ. ಆದರೆ ಕೆಲಸಗಳು ನಡೆದ ಸಾಲಿನಲ್ಲೇ ಕ್ರಿಯಾಪದಗಳೂ ಬರುತ್ತವೆ, ಹಿಂದಿಯಲ್ಲೂ ಮರಾಠಿಯಲ್ಲೂ ಇದೇ ಕ್ರಮವಿದೆ, ಯಾರೂ ದಾರಿ ತಪ್ಪುವುದಿಲ್ಲ. ಈಗ ಮೂರೇ ಪದ ನೋಡಿ: ‘ಹುಲಿ ಕೊಂದ ಬೇಟೆಗಾರ’. ಸತ್ತವರು ಯಾರು? ಹುಲಿಯೂ ಇರಬಹುದು, ಬೇಟೆಗಾರನೂ ಇರಬಹುದು. ಕನ್ನಡದ ಕೃದಂತ ಅದನ್ನು ಹೇಳುವುದಿಲ್ಲ, ಹಿಂದಿನ ಮುಂದಿನ ಮಾತು ನೋಡಿ ಓದುಗನೇ ತೀರ್ಮಾನಿಸಬೇಕು. ತೆಲುಗು ಮಾತಾಡುವವರಿಗೆ ಇದು ತಮ್ಮದೇ ರಚನೆ. ‘ಯಾರು ಬಂದರೋ ಅವರು’ ಎಂಬ ಜೋಡಿ ಸರ್ವನಾಮಗಳ ಮೇಲೆ ವಾಕ್ಯ ಕಟ್ಟಿ ಬೆಳೆದ ಹಿಂದಿ, ಮರಾಠಿಯ ಕಡೆಯವರಿಗೆ ಇಲ್ಲಿ ಹಿಡಿಕೆಯೇ ಸಿಗುವುದಿಲ್ಲ. ಒಂದೇ ಪುಟದ ಒಂದೇ ಸಾಲು ಕಂಪ್ಲಿಯ ಕ್ಯಾಂಪಿನಲ್ಲಿ ಸಲೀಸು, ತೋರಣಗಲ್ಲಿನ ಕಾಲೋನಿಯಲ್ಲಿ ಗಂಟು.

ಇಷ್ಟು ನೋಡಿದ ಮೇಲೆ ವಚನವನ್ನೇ ಮೊದಲ ಮೆಟ್ಟಿಲಾಗಿ ಇಡುವ ಪದ್ಧತಿ ನನಗೆ ಒಗಟಾಗಿ ಕಾಣುತ್ತದೆ. ವಚನ ಗದ್ಯದಂತಿದೆ, ಸಾಲು ಪುಟ್ಟದು, ಬಾಯಿಪಾಠಕ್ಕೆ ಒದಗುತ್ತದೆ. ಶಾಲೆಯ ಗೋಡೆಗೆ ಬರೆಯಲೂ ಅನುಕೂಲ, ನಿಜ. ಆದರೆ ಓದಲು ಬರುವುದು ಬೇರೆ, ತಿಳಿಯುವುದು ಬೇರೆ. ಬಸವಣ್ಣನವರ ನೀತಿಪರ ವಚನಗಳನ್ನು ಬಿಟ್ಟು ಅಲ್ಲಮನ ಬೆಡಗಿನ ವಚನಗಳತ್ತ ತಿರುಗಿದರೆ ಕನ್ನಡದಲ್ಲೇ ಹುಟ್ಟಿ ಬೆಳೆದವರೂ ವ್ಯಾಖ್ಯಾನಕ್ಕೆ ಕೈಚಾಚಬೇಕು. ಹದಿನೈದನೇ ಶತಮಾನದ ವಿಜಯನಗರದಲ್ಲಿ ವಚನಗಳನ್ನು ಸಂಕಲಿಸಿ ‘ಶೂನ್ಯಸಂಪಾದನೆ’ಯಲ್ಲಿ ಅವುಗಳ ಸುತ್ತ ಪ್ರಸಂಗ, ಸಂವಾದ ಕಟ್ಟಿದ್ದನ್ನು ನೆನೆಯಿರಿ. ಬಿಡಿಯಾಗಿ ಓದಿದರೆ ಎಟುಕದ್ದು ಯಾರು ಯಾರಿಗೆ ಯಾವಾಗ ಹೇಳಿದರು ಎಂದು ಗೊತ್ತಾದರೆ ಎಟುಕುತ್ತದೆ ಎಂಬುದು ಆ ಸಂಕಲನಕಾರರಿಗೆ ಗೊತ್ತಿತ್ತು. ನಮ್ಮ ಪಠ್ಯಪುಸ್ತಕಗಳು ಆ ಸುತ್ತನ್ನೇ ಕಳಚಿ, ಎಂಟು ಸಾಲನ್ನು ಒಂಟಿಯಾಗಿ ನಿಲ್ಲಿಸಿ, ಸುಲಭವಾಯಿತು ಎನ್ನುತ್ತವೆ.

ಹಳೆಯದೆಲ್ಲ ಕಷ್ಟ ಎಂಬ ನಂಬಿಕೆಗೆ ನಮ್ಮೂರಿನ ಇಬ್ಬರು ಕವಿಗಳನ್ನೇ ಎದುರು ನಿಲ್ಲಿಸಬಹುದು. ಹಂಪಿಯ ವಿರೂಪಾಕ್ಷನ ಭಕ್ತ ಹರಿಹರ, ಅವನ ಸೋದರಳಿಯನೂ ಶಿಷ್ಯನೂ ಆದ ರಾಘವಾಂಕ. ಇವರ ಭಾಷೆ ಇಂದಿನದಲ್ಲ, ಒಪ್ಪೋಣ. ಆದರೆ ಇಂದಿನದಲ್ಲ ಎಂಬುದರಲ್ಲೂ ಎರಡು ಬಗೆ ಇದೆ. ಸ್ವೀಡಿಷ್‌ನಲ್ಲಿ ಇಪ್ಪತ್ತನೇ ಶತಮಾನದ ನಡುವಿನವರೆಗೂ ಬರವಣಿಗೆಯಲ್ಲಿ ಬಹುವಚನಕ್ಕೆ ಬೇರೆ ಕ್ರಿಯಾರೂಪವಿತ್ತು, ಆಮೇಲೆ ಬಿದ್ದುಹೋಯಿತು. ಸೆಲ್ಮಾ ಲಾಗರ್‌ಲೋಫ್ 1906-07ರಲ್ಲಿ ಶಾಲಾಮಕ್ಕಳಿಗೆಂದೇ ಬರೆದ ನೀಲ್ಸ್ ಹೋಲ್ಗರ್‌ಸನ್ನನ ಕಥೆಯ ಮೂಲಪಾಠದಲ್ಲೂ ಆ ರೂಪಗಳಿವೆ. ಕಲಿಯುವವರು ಮೊದಲು ಬೆಚ್ಚುತ್ತಾರೆ, ಬೆರಳೆಣಿಕೆಯ ಆ ರೂಪಗಳನ್ನು ಗುರುತಿಸಿದ ಮೇಲೆ ಮತ್ತೆ ಬೆಚ್ಚುವುದಿಲ್ಲ, ಏಕೆಂದರೆ ಆ ತೊಡಕು ನಿಯಮಕ್ಕೆ ಒಳಪಟ್ಟದ್ದು. ಹಳಗನ್ನಡ, ನಡುಗನ್ನಡದ ಬಹುಪಾಲು ತೊಡಕೂ ಹಾಗೆಯೇ. ‘ಅಲ್ಲಿ’ಗೆ ‘ಒಳ್’, ಪ್ರಥಮೆಗೆ ಒಂದು ಸೊನ್ನೆ, ಹಕಾರ ಇರುವೆಡೆ ಪಕಾರ, ಹೀಗೆ ಒಂದು ಹಾಳೆಯಲ್ಲಿ ಬರೆದುಕೊಳ್ಳುವಷ್ಟು.

ಅದರಲ್ಲೂ ಆ ಪಕಾರವನ್ನೇ ನೋಡಿ. ನಾವು ಹಾಲು, ಹುಲಿ, ಹಗಲು ಎನ್ನುವುದನ್ನು ಪಂಪ ಪಾಲ್, ಪುಲಿ, ಪಗಲ್ ಎಂದು ಬರೆದ. ತೆಲುಗಿನವರು ಇಂದಿಗೂ ಪಾಲು, ಪುಲಿ, ಪಗಲು ಎನ್ನುತ್ತಾರೆ. ಕನ್ನಡಿಗರ ಮಕ್ಕಳಿಗೆ ಟಿಪ್ಪಣಿ ಬೇಕಾಗುವ ಪದ ಕ್ಯಾಂಪಿನ ಮಕ್ಕಳಿಗೆ ಅಡುಗೆಮನೆಯ ಪದ. ಲಿಪಿಯಲ್ಲೂ ಅವರಿಗೆ ಅರ್ಧ ದಾರಿ ಸವೆದಿರುತ್ತದೆ. ಇಷ್ಟರಿಂದ ತೆಲುಗಿನವರು ಪಂಪನನ್ನು ಸಲೀಸಾಗಿ ಓದಿಬಿಡುತ್ತಾರೆ ಎಂದೇನೂ ಅಲ್ಲ, ಚಂಪೂವಿನ ಸಮಾಸಗಳು ಯಾರಿಗೂ ಬಿಟ್ಟಿಲ್ಲ. ಆದರೆ ಕಾಲದ ದೂರ ಎಲ್ಲ ಓದುಗರಿಗೂ ಒಂದೇ ದೂರವಲ್ಲ ಎಂಬುದಕ್ಕೆ ಇದು ಸಾಕು.

ಹಂಪಿಯ ಈ ಇಬ್ಬರಲ್ಲೂ ಕಷ್ಟ ಒಂದೇ ತೆರನಲ್ಲ. ಹರಿಹರ ತಡೆಯಿಲ್ಲದೆ ಹೇಳುವವನು. ಒಂದು ಭಾವವನ್ನು ನಾಲ್ಕು ಮಾತಲ್ಲಿ ಸುತ್ತಿ ಸುತ್ತಿ ಹೇಳುತ್ತಾನೆ, ಒಂದು ತಪ್ಪಿದರೆ ಮುಂದಿನದು ಕೈಹಿಡಿಯುತ್ತದೆ. ರಗಳೆಯ ಸಾಲುಗಳು ಎರಡೆರಡಾಗಿ ಪ್ರಾಸ ಹೊಂದಿ ಅಲ್ಲಲ್ಲೇ ಮುಗಿಯುತ್ತವೆ. ಬಸವರಾಜದೇವರ ರಗಳೆಯಲ್ಲಿ ಪದ್ಯದ ಜೊತೆ ಗದ್ಯವೂ ಇದೆ. ಪಂಡಿತರು ಅತಿಯಾಯಿತು ಎಂದು ಮೂಗು ಮುರಿಯುವ ಈ ಪುನರುಕ್ತಿ ಕಲಿಯುವವರಿಗೆ ವರ. ರಾಘವಾಂಕನ ವಾರ್ಧಕ ಷಟ್ಪದಿ ಹಾಗಲ್ಲ. ಆರೂ ಸಾಲಿನ ಎರಡನೆಯ ಅಕ್ಷರ ಒಂದೇ ಆಗಬೇಕು, ಅದಕ್ಕಾಗಿ ಪದ ನಡುವೆಯೇ ಮುರಿದು ಅರ್ಧ ಈ ಸಾಲಿನಲ್ಲಿ, ಅರ್ಧ ಮುಂದಿನದರಲ್ಲಿ ಬೀಳುತ್ತದೆ. ಎಲ್ಲಿ ಒಂದು ಪದ ಮುಗಿದು ಇನ್ನೊಂದು ಶುರುವಾಯಿತು ಎಂದು ಕಾಣದ ಓದುಗನಿಗೆ ನಿಘಂಟು ಇದ್ದೂ ಇಲ್ಲದಂತೆ, ಹುಡುಕುವುದು ಯಾವ ಪದವನ್ನು? ಇಲ್ಲಿ ಕಷ್ಟದ ದೊಡ್ಡ ಪಾಲು ಭಾಷೆಯದಲ್ಲ, ಅಚ್ಚಿನದು. ಪದ ಬಿಡಿಸಿದ ಸಾಲನ್ನು ಪಕ್ಕದಲ್ಲಿ ಮುದ್ರಿಸಿದರೆ ಆ ಪಾಲು ಕಳೆದುಹೋಗುತ್ತದೆ.

ಉಳಿದದ್ದನ್ನು ಕಥೆ ನೋಡಿಕೊಳ್ಳುತ್ತದೆ. ರಾಘವಾಂಕ ಕಾವ್ಯವಾಗಿಸಿದ, ಹರಿಶ್ಚಂದ್ರ ಸುಡುಗಾಡು ಕಾದ ಕಥೆ ಗೊತ್ತಿಲ್ಲದ ಮನೆ ಈ ದೇಶದಲ್ಲಿ ಕಡಿಮೆ. ತೆಲುಗಿನಲ್ಲಿ ಗೌರನ ಕಾವ್ಯವಿದೆ, ಬಲಿಜೇಪಲ್ಲಿ ಲಕ್ಷ್ಮೀಕಾಂತಂ ಅವರ ನಾಟಕದ ಸ್ಮಶಾನದ ಪದ್ಯಗಳನ್ನು ಹಾಡದ ಊರಿಲ್ಲ. ಮುಂದೇನಾಗುತ್ತದೆ ಎಂದು ಬಲ್ಲವರು ಗೊತ್ತಿಲ್ಲದ ಪದವನ್ನು ಊಹಿಸುತ್ತಾರೆ, ಊಹೆ ಬಹುಮಟ್ಟಿಗೆ ಸರಿಯೇ ಇರುತ್ತದೆ. ಕಂಪ್ಲಿಯ ಕುಮಾರರಾಮನ ಕಥೆಯೂ ಹೀಗೆ. ಮಲತಾಯಿ ರತ್ನಾಜಿಯ ಮೋಹ, ಸುಳ್ಳು ಆಪಾದನೆ, ದೆಹಲಿಯ ಸೈನ್ಯ, ಇದನ್ನೆಲ್ಲ ಕೇಳಿ ಬೆಳೆದವರಿಗೆ ನಂಜುಂಡನ ಸಾಂಗತ್ಯ ಪರಿಚಿತರ ಮನೆ. ಕಥೆ ಕೇಳಿರದವರಿಗೆ ಅದೇ ಸರಳ ಛಂದಸ್ಸು ಹೆಸರುಗಳ ಕಾಡು. ಕರ್ನಾಟಕ ಸಂಗೀತ ಕಲಿತ ತಮಿಳರ ನಾಲಿಗೆಯ ಮೇಲೆ ಪುರಂದರದಾಸರ ಪದಗಳು ಆಗಲೇ ಇರುತ್ತವೆ, ಅವರಿಗೆ ಬೇರೆ ವಾಚಿಕೆ ಹುಡುಕುವುದೇ ವ್ಯರ್ಥ.

ಇನ್ನು ಇತ್ತೀಚಿನದು. ಕೊಟ್ಟೂರಿನ ಕುಂ. ವೀರಭದ್ರಪ್ಪನವರ ‘ಅರಮನೆ’ಗೆ 2007ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಮ್ಮ ಸೀಮೆಯ ಆಡುಮಾತು ಅದರಲ್ಲಿ ಇಡಿಯಾಗಿ ಇಳಿದಿದೆ. ‘ಇದೆ’ ಎಂದು ಕಲಿತವರಿಗೆ ‘ಐತಿ’, ‘ಮಾಡುತ್ತಿದ್ದಾನೆ’ ಎಂದು ಕಲಿತವರಿಗೆ ‘ಮಾಡಾಕ ಹತ್ಯಾನ’ ಎಂಬಂಥ ಭಾಷೆ ಎದುರಾದಾಗ ಕಾದಂಬರಿಯ ಮೊದಲ ಪುಟವೇ ಗೋಡೆ. ಪಠ್ಯಪುಸ್ತಕದ ಕನ್ನಡವನ್ನು ಚೆನ್ನಾಗಿ ಕಲಿತಷ್ಟೂ ಈ ಗೋಡೆ ಎತ್ತರ. ಆದರೆ ಹೊಸಪೇಟೆಯ ಸಂತೆಯಲ್ಲಿ, ಸಂಡೂರಿನ ಗಣಿಯಲ್ಲಿ, ಕಂಪ್ಲಿಯ ಭತ್ತದ ಗದ್ದೆಯಲ್ಲಿ ಕಿವಿಯಿಂದ ಕನ್ನಡ ಹಿಡಿದವರಿಗೆ ಯಾರಾದರೂ ಅದನ್ನು ಗಟ್ಟಿಯಾಗಿ ಓದಿ ಹೇಳಿದರೆ ದಿನವೂ ಕೇಳುವ ಮಾತೇ ಕೇಳಿಸುತ್ತದೆ. ಅವರಿಗೆ ಗೋಡೆಯಾಗುವುದು ಲಿಪಿ ಮತ್ತು ಪತ್ರಿಕೆಯ ಸಂಪಾದಕೀಯ. ಹೊರಗಿನವರಾದ ವಿಲಿಯಂ ಬ್ರೈಟ್ 1958ರಷ್ಟು ಹಿಂದೆಯೇ ಆಡುಗನ್ನಡದ ವ್ಯಾಕರಣವನ್ನೇ ಬೇರೆಯಾಗಿ ಬರೆದರು. ಬರೆಯುವ ಕನ್ನಡಕ್ಕೂ ಆಡುವ ಕನ್ನಡಕ್ಕೂ ಇರುವ ಅಂತರ ಹೊರಗಿನವರಿಗೆ ಮೊದಲ ದಿನವೇ ತಾಗುತ್ತದೆ, ಒಳಗಿರುವ ನಮಗೆ ಕಾಣುವುದಿಲ್ಲ.

ಇದಕ್ಕೆ ಮೇಷ್ಟರುಗಳು ಹೇಳುವ ಆಕ್ಷೇಪ ನ್ಯಾಯವಾದದ್ದೇ. ನಲವತ್ತು ಮಕ್ಕಳ ತರಗತಿಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪುಸ್ತಕ ಕೊಡಲಾಗುತ್ತದೆಯೇ? ಆಗುವುದಿಲ್ಲ, ಬೇಕಾಗಿಯೂ ಇಲ್ಲ. ಮನೆಮಾತು ದ್ರಾವಿಡವೋ ಅಲ್ಲವೋ, ಕಲಿತದ್ದು ಕಿವಿಯಿಂದಲೋ ಪುಸ್ತಕದಿಂದಲೋ ಎಂಬ ಎರಡು ಪ್ರಶ್ನೆಗೆ ನಾಲ್ಕೇ ಗುಂಪು ಆಗುತ್ತದೆ. ಪಠ್ಯ ಒಂದೇ ಇದ್ದರೂ ಟಿಪ್ಪಣಿ ಬೇರೆ ಮಾಡಬಹುದು: ಲಂಬಾಣಿ ಮಕ್ಕಳಿಗೆ ಕೃದಂತದ ಮೇಲೆ, ತೆಲುಗು ಮಕ್ಕಳಿಗೆ ಎರಡೂ ಭಾಷೆಯಲ್ಲಿದ್ದು ಅರ್ಥ ಬೇರೆಯಾದ ಪದಗಳ ಮೇಲೆ.

ಸೂತ್ರದ ಪರ ಇರುವವರ ಆಕ್ಷೇಪ ಇನ್ನೊಂದು: ಲಿಕ್ಸ್ ತಪ್ಪಿದರೂ ಎಲ್ಲರಿಗೂ ಒಂದೇ ರೀತಿ ತಪ್ಪುತ್ತದೆ, ನಿಮ್ಮದು ಬರೀ ಅಭಿರುಚಿ. ಅಳತೆ ಬೇಡವೆಂದು ನಾನೂ ಹೇಳುತ್ತಿಲ್ಲ. ಇಂಗ್ಲಿಷ್ ಕಲಿಯುವವರ ಬಗ್ಗೆ ಪಾಲ್ ನೇಷನ್ ಮೊದಲಾದವರು ಕಂಡುಕೊಂಡಂತೆ ಯಾರ ನೆರವೂ ಇಲ್ಲದೆ ಕಥೆ ಓದಲು ನೂರಕ್ಕೆ 98 ಪದ ಗೊತ್ತಿರಬೇಕು. ಕನ್ನಡದಲ್ಲಿ ಪದ ಗೊತ್ತು ಎಂದರೆ ಧಾತು ಗೊತ್ತೋ, ಅದು ತಾಳಿದ ರೂಪವೂ ಗೊತ್ತೋ ಎಂದು ಬಿಡಿಸದೆ ಆ ಅಂಕಿಯನ್ನು ಇಲ್ಲಿಗೆ ತರುವಂತಿಲ್ಲ. ವಿಲ್ಸನ್ ಟೇಲರ್ 1953ರಲ್ಲಿ ಸೂಚಿಸಿದ ಬಿಟ್ಟ ಸ್ಥಳ ತುಂಬುವ ಪರೀಕ್ಷೆ ನಮಗೆ ಹೆಚ್ಚು ಒದಗುತ್ತದೆ. ಅವರು ಐದಕ್ಕೊಂದು ಪದ ಅಳಿಸಿದರು. ನಾವು ಒಂದು ಸಲ ಐದನೆಯ ಪದದ ಪ್ರತ್ಯಯವನ್ನಷ್ಟೇ ಅಳಿಸೋಣ, ಇನ್ನೊಂದು ಸಲ ಪ್ರತ್ಯಯ ಉಳಿಸಿ ಪ್ರಕೃತಿಯನ್ನು ಅಳಿಸೋಣ. ಮೊದಲನೆಯದರಲ್ಲಿ ಸೋತವರಿಗೆ ವ್ಯಾಕರಣ ಕಷ್ಟ, ಎರಡನೆಯದರಲ್ಲಿ ಸೋತವರಿಗೆ ಪದ ಅಥವಾ ಸಂದರ್ಭ ಕಷ್ಟ. 1991ರಲ್ಲಿ ಹುಟ್ಟಿದ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಬಾಗಿಲಲ್ಲೇ ಈ ನಾಲ್ಕೂ ಗುಂಪಿನ ಓದುಗರಿದ್ದಾರೆ. ರಗಳೆಯ ಒಂದು ಗದ್ಯಭಾಗ, ಷಟ್ಪದಿಯ ಹತ್ತು ಪದ್ಯ, ಬೆಡಗಿನ ಒಂದು ವಚನ, ‘ಅರಮನೆ’ಯ ಎರಡು ಪುಟ ಇಟ್ಟುಕೊಂಡು ಈ ಪರೀಕ್ಷೆ ನಡೆಸಲು ಬೇಕಾದದ್ದು ಒಂದಿಷ್ಟು ಹಾಳೆ, ಒಂದಿಷ್ಟು ತಾಳ್ಮೆ.

ಕಚೇರಿಯ ಅರ್ಜಿ, ಬಸ್ಸಿನ ಫಲಕಕ್ಕಾಗಿ ಕನ್ನಡ ಕಲಿಯುವವರಿಗೆ ರಾಘವಾಂಕ ಏಕೆ ಎಂದು ಕೇಳಿದರೆ, ಬೇಡ. ಅವರಿಗೆ ದಿನಪತ್ರಿಕೆ ಸಾಕು. ಆದರೆ ಸಾಹಿತ್ಯವನ್ನೇ ಓದಬೇಕೆಂದು ಬಂದ ಕ್ಯಾಂಪಿನ ಹುಡುಗಿಗೆ, ತೆಲುಗಿನಲ್ಲಿ ಹರಿಶ್ಚಂದ್ರನ ಪದ್ಯ ಕೇಳಿ ಬೆಳೆದವಳಿಗೆ, ನಾನಾದರೆ ವಚನ ಸಂಕಲನದ ಬದಲು ಪದ ಬಿಡಿಸಿದ ‘ಹರಿಶ್ಚಂದ್ರ ಕಾವ್ಯ’ವನ್ನೇ ಕೈಗಿಡುತ್ತೇನೆ. ಕಾರ್ಖಾನೆಯಲ್ಲಿ ಕನ್ನಡ ಕಲಿತ ಬಿಹಾರದವನಿಗೆ ‘ಅರಮನೆ’ಯನ್ನು ಓದಿ ಹೇಳಿಸುತ್ತೇನೆ. ಅಲ್ಲಮ ಇಬ್ಬರಿಗೂ ಆಮೇಲೆ.