ಗುಂಟೆ ಲೆಕ್ಕದ ಹೊಲ, ಡಿಗ್ರಿಯ ಲೆಕ್ಕ

ಸಣ್ಣ ರೈತರ ಮನೆಯಲ್ಲಿ ಮಗ ಪಿಯುಸಿ ಪಾಸಾದ ಕೂಡಲೇ ಒಂದು ಲೆಕ್ಕ ಶುರುವಾಗುತ್ತದೆ. ಪಹಣಿಯಲ್ಲಿರುವುದು ಎರಡೆಕರೆ. ಗಂಡುಮಕ್ಕಳು ಮೂವರು. ಪಾಲಾದರೆ ಒಬ್ಬೊಬ್ಬರಿಗೆ 27 ಗುಂಟೆಯೂ ಪೂರ್ತಿ ಸಿಗದು. (ಹೆಣ್ಣುಮಕ್ಕಳ ಪಾಲನ್ನು ಕಾನೂನು ಹಿಡಿಯುತ್ತದೆ, ಜಗಲಿಯ ಲೆಕ್ಕ ಹಿಡಿಯುವುದಿಲ್ಲ.) 'ಒಬ್ಬನಾದರೂ ಓದಿ ದಾರಿ ನೋಡಿಕೊಳ್ಳಲಿ' ಎಂಬ ಮಾತು ಹುಟ್ಟುವುದು ಇಲ್ಲಿಯೇ. ಅದರಲ್ಲಿ ಸರಸ್ವತಿಯ ಮೇಲಿನ ಭಕ್ತಿಗಿಂತ ಹೊಲ ಚೂರಾಗದಿರಲಿ ಎಂಬ ಆಸೆಯೇ ಹೆಚ್ಚು.

2015-16ರ ಕೃಷಿ ಗಣತಿಯ ಪ್ರಕಾರ ಕರ್ನಾಟಕದಲ್ಲಿ ಸರಾಸರಿ ಹಿಡುವಳಿ 1.36 ಹೆಕ್ಟೇರ್, ಅಂದರೆ ಸುಮಾರು 3 ಎಕರೆ 14 ಗುಂಟೆ. ಅದರ ಗಳಿಕೆ ಎಷ್ಟು? 2018-19ರ ರಾಷ್ಟ್ರೀಯ ಮಾದರಿ ಸಮೀಕ್ಷೆ ಕಂಡಂತೆ ದೇಶದ ಕೃಷಿ ಕುಟುಂಬವೊಂದರ ತಿಂಗಳ ಸರಾಸರಿ ಆದಾಯ 10,218 ರೂಪಾಯಿ. ಬೆಳೆಯಿಂದ ಬಂದದ್ದು 3,798, ಕೂಲಿ-ಸಂಬಳದಿಂದ 4,063. ರೈತನ ಮನೆ ಆಗಲೇ ಹೊಲಕ್ಕಿಂತ ಹೆಚ್ಚಾಗಿ ಕೂಲಿಯನ್ನು ನಂಬಿತ್ತು. ಮಕ್ಕಳು ಓದಿದರೆ ಬೇಸಾಯ ಬಿಡುತ್ತಾರೆ ಎಂದು ಈಗ ಮರುಗುವವರು ತಡವಾಗಿ ಬಂದಿದ್ದಾರೆ.

ಈ ಓದಿಗೆ ಸರ್ಕಾರ ಕೊಟ್ಟ ಆಸರೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. 2021ರಲ್ಲಿ ಬಸವರಾಜ ಬೊಮ್ಮಾಯಿ ಮುಖ್ಯಮಂತ್ರಿಯಾದಾಗ ರೈತರ ಮಕ್ಕಳಿಗೆಂದು ವಿದ್ಯಾನಿಧಿ ಘೋಷಿಸಿದರು. ಬಿಎ, ಬಿಎಸ್ಸಿ, ಬಿಕಾಂ ಓದುವ ಹುಡುಗನಿಗೆ ವರ್ಷಕ್ಕೆ 5,000, ಹುಡುಗಿಗೆ 5,500. ಎಂಜಿನಿಯರಿಂಗ್, ಮೆಡಿಕಲ್ ಓದುವವರಿಗೆ 10,000 ಮತ್ತು 11,000. ಉದ್ದೇಶ ಒಳ್ಳೆಯದೇ, ಆದರೆ ಹಣ ಕೋರ್ಸಿನ ಬೆಲೆ ನೋಡಿ ಏರುತ್ತದೆ, ಮನೆಯ ಬಡತನ ನೋಡಿ ಅಲ್ಲ. ಟ್ಯೂಷನ್ ಕೊಡಿಸಿ ಮೆಡಿಕಲ್ ಸೀಟು ತೆಗೆಸಬಲ್ಲ ಮನೆಗೆ ಹೆಚ್ಚು. ಬೆಳಿಗ್ಗೆ ಡೇರಿಗೆ ಹಾಲು ಹಾಕಿ, ನಿಂತುಕೊಂಡೇ ಬಸ್ಸಿನಲ್ಲಿ ತಾಲ್ಲೂಕು ಕೇಂದ್ರದ ಪ್ರಥಮ ದರ್ಜೆ ಕಾಲೇಜಿಗೆ ಹೋಗುವವನಿಗೆ ಕಡಿಮೆ. ಅವನು ಕಾಲೇಜು ಮುಟ್ಟುವಾಗ ಅತಿಥಿ ಉಪನ್ಯಾಸಕರು ಮುಷ್ಕರದಲ್ಲಿದ್ದರೆ ಆ ದಿನ ಪಾಠವೂ ಇಲ್ಲ, ಮನೆಯ ಕೆಲಸವೂ ಇಲ್ಲ.

ಇನ್ನೊಂದು ನಿಧಿಯನ್ನು ಇದರ ಪಕ್ಕಕ್ಕಿಟ್ಟರೆ ಕಥೆ ಪೂರ್ತಿಯಾಗುತ್ತದೆ. ಮುಂದೆ ಬಂದ ಕಾಂಗ್ರೆಸ್ ಸರ್ಕಾರದ ಯುವನಿಧಿ, ಡಿಗ್ರಿ ಮುಗಿಸಿ ಆರು ತಿಂಗಳಾದರೂ ಕೆಲಸ ಸಿಗದವರಿಗೆ ತಿಂಗಳಿಗೆ 3,000 ಕೊಡುತ್ತದೆ, ಹೆಚ್ಚೆಂದರೆ ಎರಡು ವರ್ಷ. ಮೂರು ವರ್ಷ ಬಿಎ ಓದಲು ಒಟ್ಟು 15,000. ಓದಿ ಮನೆಯಲ್ಲಿ ಕೂರಲು 72,000 ತನಕ! ಎರಡು ಪಕ್ಷಗಳ ಎರಡು ಯೋಜನೆ, ನಿಜ. ಆದರೂ ಕಾಲೇಜು ಕಲಿಸಲಿಲ್ಲ ಎಂಬ ಒಪ್ಪಿಗೆಯನ್ನು ಇದಕ್ಕಿಂತ ಸ್ಪಷ್ಟವಾಗಿ ಬಜೆಟ್ಟಿನಲ್ಲಿ ಬರೆಯಲಾಗದು. ದೇಶದಲ್ಲಿ 2022-23ರಲ್ಲಿ ಒಟ್ಟು ನಿರುದ್ಯೋಗ ಶೇ 3.2 ಇದ್ದರೆ ಪದವೀಧರರಲ್ಲಿ ಶೇ 13.4 ಇತ್ತು.

ಹಾಗಾದರೆ ಓದಿಸುವುದೇ ದಂಡವೇ? ಅಲ್ಲ. ಓದದೆ ಊರಲ್ಲೇ ಉಳಿದವನ ಪಾಡನ್ನು 2023ರ ಫೆಬ್ರುವರಿಯಲ್ಲಿ ರಾಜ್ಯವೇ ಕಂಡಿತು. ಮದ್ದೂರು ತಾಲ್ಲೂಕಿನ ಕೆ.ಎಂ.ದೊಡ್ಡಿಯಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಮದುವೆಯಾಗದ ಯುವಕರು ಪಾದಯಾತ್ರೆ ಹೊರಟರು, ಹೆಣ್ಣು ಸಿಗಲಿ ಎಂಬ ಹರಕೆ ಹೊತ್ತು. ನಗುವವರು ನಕ್ಕರು. ಆದರೆ ರೈತನ ಮಗಳು ರೈತನ ಮಗನನ್ನು ಏಕೆ ಒಲ್ಲೆ ಎನ್ನುತ್ತಾಳೆ ಎಂಬುದಕ್ಕೆ ಅವಳ ತಾಯಿಯ ದಿನಚರಿಯೇ ಸಾಕು. ಪ್ರತಿ ವರ್ಷ ಪಿಯುಸಿ ಫಲಿತಾಂಶದಲ್ಲಿ ಹುಡುಗಿಯರು ಮುಂದಿರುತ್ತಾರೆ. ಡಿಗ್ರಿ ಅವರಿಗೆ ಸಂಬಳ ತರದಿದ್ದರೂ ಮದುವೆಯನ್ನು ಮೂರು ವರ್ಷ ಮುಂದೂಡುತ್ತದೆ. ಅದೇ ಸಣ್ಣ ಲಾಭವಲ್ಲ. ಅವಳಿಗೆ ವಿದ್ಯಾನಿಧಿ ಕೊಡುವ ಹೆಚ್ಚುವರಿ ಹಣ ಮಾತ್ರ ವರ್ಷಕ್ಕೆ 500 ರೂಪಾಯಿ.

ಬಿಡಿಗಾಸು ಹಂಚುವ ಬದಲು ಅದೇ ದುಡ್ಡಿನಲ್ಲಿ ತಾಲ್ಲೂಕು ಕಾಲೇಜುಗಳಿಗೆ ಕಾಯಂ ಉಪನ್ಯಾಸಕರನ್ನೂ ಹಾಸ್ಟೆಲನ್ನೂ ಕೊಡುವುದು ಮೇಲು. ಅಲ್ಲಿಯವರೆಗೆ ಈ ಕಾಸೇ ಗತಿ. ಅದನ್ನು ಪಡೆಯಲೂ ರೈತನೆಂದು ನೋಂದಾಯಿಸಿದ ಎಫ್‌ಐಡಿ ಸಂಖ್ಯೆ ಬೇಕು, ಅದಕ್ಕೆ ಪಹಣಿ ಬೇಕು. ಎಷ್ಟೋ ಮನೆಗಳ ಪಹಣಿ ಇವತ್ತಿಗೂ ತೀರಿಹೋದ ಅಜ್ಜನ ಹೆಸರಿನಲ್ಲಿದೆ, ಪೌತಿ ಖಾತೆ ಆಗಿಲ್ಲ.