ಆಕರಗಳು ಮಾಡುವ ಕೆಲಸ: ತುಳು ಜಾನಪದ ಸಂಶೋಧನೆಯ ಬರವಣಿಗೆಯನ್ನು ಕುರಿತು

ಪಡುಬಿದ್ರಿಯ ಬ್ರಹ್ಮಸ್ಥಾನದಲ್ಲಿ ಎರಡು ವರ್ಷಗಳಿಗೊಮ್ಮೆ ನಡೆಯುವ ಢಕ್ಕೆಬಲಿಯನ್ನು ಕುರಿತು ಬರೆಯಹೊರಡುವ ಸಂಶೋಧಕರಿಗೆ ಆಕರಗಳ ಕೊರತೆಯೇನೂ ಇಲ್ಲ. ಆಮಂತ್ರಣ ಪತ್ರಿಕೆಗಳಿವೆ, ಸ್ಮರಣ ಸಂಚಿಕೆಗಳಿವೆ, ದಿನಪತ್ರಿಕೆಗಳ ವಿಶೇಷ ಪುರವಣಿಗಳಿವೆ. ಪಾತ್ರಿಗಳು, ವೈದ್ಯರು, ಊರ ಹಿರಿಯರು ಮಾತಿಗೆ ಸಿಗುತ್ತಾರೆ. ಗುಡಿಗೋಪುರಗಳಿಲ್ಲದ, ಮರಗಳ ನಡುವಿನ ಬಯಲೇ ಆರಾಧನೆಯ ನೆಲೆಯಾಗಿರುವ, ಮರಳೇ ಪ್ರಸಾದವಾಗಿರುವ ಈ ಸ್ಥಳ ಯಾರ ಕುತೂಹಲವನ್ನಾದರೂ ಕೆರಳಿಸುವಂಥದು. ಆದರೆ ಇಂತಹ ಸ್ಥಳಗಳ ಬಗ್ಗೆ ಬಂದ ಬರಹಗಳನ್ನು ಒಂದೆಡೆ ಇಟ್ಟು ಓದುವ ಅಭ್ಯಾಸವಿರುವವರಿಗೆ ಒಂದು ಸಂಗತಿ ಬೇಗನೆ ಕಣ್ಣಿಗೆ ಬೀಳುತ್ತದೆ. ಪುರವಣಿಯ ವಾಕ್ಯ ಸ್ಮರಣ ಸಂಚಿಕೆಗೆ ಬರುತ್ತದೆ, ಸಂಚಿಕೆಯಿಂದ ಎಂ.ಫಿಲ್. ಪ್ರಬಂಧಕ್ಕೆ ದಾಟುತ್ತದೆ, ಮುಂದಿನ ಉತ್ಸವದ ಹೊತ್ತಿಗೆ 'ಸಂಶೋಧಕರ ಅಭಿಪ್ರಾಯದಂತೆ' ಎಂಬ ಗೌರವದೊಂದಿಗೆ ಮರಳಿ ಪುರವಣಿಗೇ ಬಂದು ಸೇರುತ್ತದೆ. ಅಡಿಟಿಪ್ಪಣಿಯಲ್ಲಿ ಮೂರು ಆಧಾರಗಳು ಕಾಣುತ್ತವೆ. ಎಣಿಸಿ ನೋಡಿದರೆ ಇರುವುದು ಒಂದೇ.

ಇದನ್ನು ಸೋಮಾರಿತನವೆಂದು ತಳ್ಳಿಹಾಕುವುದು ಸುಲಭ. ದೋಷದ ಬೇರು ಇನ್ನೂ ಆಳದಲ್ಲಿದೆ ಎಂಬುದು ಪ್ರಸ್ತುತ ಲೇಖನದ ವಾದ. ಆಕರವೊಂದು ನಮ್ಮ ಬರವಣಿಗೆಯಲ್ಲಿ ಯಾವ ಕೆಲಸ ಮಾಡುತ್ತಿದೆ ಎಂಬ ಪ್ರಶ್ನೆಯನ್ನು ನಾವು ಕೇಳಿಕೊಳ್ಳುವುದಿಲ್ಲ. ಅದು ಯಾವ ಜಾತಿಗೆ ಸೇರಿದ್ದು ಎಂದಷ್ಟೇ ಕೇಳುತ್ತೇವೆ. ಪ್ರಾಥಮಿಕ ಮತ್ತು ಆನುಷಂಗಿಕ ಎಂಬ ಎರಡು ಬುಟ್ಟಿಗಳಿವೆ. ಕ್ಷೇತ್ರಕಾರ್ಯದಲ್ಲಿ ಧ್ವನಿಮುದ್ರಿಸಿದ್ದು ಮೊದಲ ಬುಟ್ಟಿಗೆ, ಅಚ್ಚಾದದ್ದು ಎರಡನೆಯದಕ್ಕೆ. ಮಹಾಪ್ರಬಂಧದ ಕೊನೆಯಲ್ಲಿ ಹೀಗೆ ಎರಡು ಪಟ್ಟಿಗಳನ್ನು ಕೊಟ್ಟರೆ ವಿಧಾನದ ಋಣ ತೀರಿತು ಎಂದು ಭಾವಿಸಲಾಗುತ್ತದೆ.

ಈ ವಿಂಗಡಣೆ ನಮಗೆ ಬಂದ ದಾರಿಯನ್ನು ನೆನೆಯಬೇಕು. ಕನ್ನಡ ಸಂಶೋಧನೆ ಬೆಳೆದದ್ದು ಶಾಸನ ಮತ್ತು ಓಲೆಗರಿಗಳ ಆಶ್ರಯದಲ್ಲಿ. ಅಲ್ಲಿ ಹಳೆಯದಕ್ಕೆ ಬೆಲೆ ಹೆಚ್ಚು, ಪ್ರತಿಯಿಂದ ಪ್ರತಿಗೆ ದೋಷ ಬೆಳೆಯುತ್ತದೆ, ಸಂಪಾದಕ ಹಿಂದಕ್ಕೆ ನಡೆದು ಮೂಲಪಾಠವನ್ನು ಮುಟ್ಟಲು ಹವಣಿಸುತ್ತಾನೆ. ಗ್ರಂಥಸಂಪಾದನೆಗೆ ಇದು ಸರಿಯಾದ ಶಿಸ್ತೇ ಹೌದು. ಪಾಡ್ದನಕ್ಕೆ ಮೂಲಪಾಠವೆಂಬುದಿಲ್ಲ. ಆದರೂ ಜಾನಪದದ ಪ್ರಬಂಧಗಳಲ್ಲಿ 'ಶುದ್ಧ ಪಾಠ', 'ಕೆಟ್ಟ ಪಾಠ' ಎಂಬ ಮಾತುಗಳು ಇಂದಿಗೂ ನುಸುಳುತ್ತಿರುತ್ತವೆ. ಶಾಸನಗಳ ಲೋಕದಲ್ಲಿಯೇ ಬೇರೆ ದಾರಿ ತೋರಿದವರೂ ಇದ್ದಾರೆ. ಎಂ. ಚಿದಾನಂದಮೂರ್ತಿಯವರ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ' (1966) ಹೊಸ ಶಾಸನಗಳನ್ನು ಶೋಧಿಸಿದ್ದಕ್ಕಾಗಿ ಮುಖ್ಯವಾದ ಗ್ರಂಥವಲ್ಲ. ದಾನದತ್ತಿಗಳನ್ನು ದಾಖಲಿಸಲು ಕೆತ್ತಿದ, ಅರಸರ ಕಾಲನಿರ್ಣಯಕ್ಕೆಂದು ಇತಿಹಾಸಕಾರರು ಓದಿದ ಅವೇ ಕಲ್ಲುಗಳಿಗೆ ಅವರು ಜನಜೀವನದ ಪ್ರಶ್ನೆಗಳನ್ನು ಕೇಳಿದರು. ಕಲ್ಲು ಬದಲಾಗಲಿಲ್ಲ, ಅದಕ್ಕೆ ವಹಿಸಿದ ಕೆಲಸ ಬದಲಾಯಿತು. ಅಮೆರಿಕದಲ್ಲಿ ಬರವಣಿಗೆಯ ಬೋಧನೆಯನ್ನು ಕುರಿತು ಚಿಂತಿಸಿದ ಜೋಸೆಫ್ ಬಿಜಪ್ 2008ರಲ್ಲಿ ಇಂಥದೇ ಮಾತನ್ನು ಬೇರೆ ಪರಿಭಾಷೆಯಲ್ಲಿ ಮಂಡಿಸಿದ್ದಾರೆ. ಆಕರವನ್ನು ಬರಹಗಾರ ಹಿನ್ನೆಲೆಯಾಗಿ ಬಳಸಬಹುದು, ಪರಿಶೀಲನೆಗೆ ಒಡ್ಡುವ ವಸ್ತುವಾಗಿ ಬಳಸಬಹುದು, ವಾದಕ್ಕೆ ಇಳಿಯುವ ಜೊತೆಗಾರನಾಗಿ ಬಳಸಬಹುದು, ಇಲ್ಲವೇ ವಿಧಾನವನ್ನು ಎರವಲು ಪಡೆಯಲು ಬಳಸಬಹುದು ಎಂಬುದು ಅವರ ತಿಳಿವಳಿಕೆ. ನಮ್ಮ ಪ್ರಬಂಧಗಳಲ್ಲಿ ಈ ನಾಲ್ಕಕ್ಕೂ ಮಿಗಿಲಾಗಿ ಕಾಣುವುದು ಐದನೆಯದೊಂದು ಬಳಕೆ: ಆಪ್ತವಾಕ್ಯ. ಹಿರಿಯರೊಬ್ಬರು ಹೇಳಿದ್ದಾರೆ, ಆದ್ದರಿಂದ ಅದು ಹಾಗೆಯೇ.

ಬರ್ನೆಲ್‌ನ ಸಂಗ್ರಹವನ್ನೇ ನೋಡೋಣ. ದಕ್ಷಿಣ ಕನ್ನಡದಲ್ಲಿ ನ್ಯಾಯಾಧೀಶನಾಗಿದ್ದ ಎ. ಸಿ. ಬರ್ನೆಲ್ 1882ರಲ್ಲಿ ತೀರಿಕೊಂಡ. ಅವನ ಕಾಗದಪತ್ರಗಳಲ್ಲಿದ್ದ ಪಾಡ್ದನಗಳನ್ನು ಆರ್. ಸಿ. ಟೆಂಪಲ್ 1894ರಿಂದ 1897ರವರೆಗೆ 'ಇಂಡಿಯನ್ ಆಂಟಿಕ್ವರಿ'ಯಲ್ಲಿ 'ತುಳುವರ ದೆವ್ವಪೂಜೆ' ಎಂಬ ಅರ್ಥದ ಇಂಗ್ಲಿಷ್ ಶೀರ್ಷಿಕೆಯಡಿ ಪ್ರಕಟಿಸಿದ. ಅನುವಾದದಲ್ಲಿ ಬಾಸೆಲ್ ಮಿಶನ್ನಿನ ಎ. ಮ್ಯಾನರ್‌ನ ಕೈ ದೊಡ್ಡದು. ತುಳು ನಿಘಂಟನ್ನೂ 'ಪಾಡ್ದನೊಳು' ಸಂಕಲನವನ್ನೂ 1886ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದವನು ಅವನೇ. ಈ ಪುಟಗಳು ಪ್ರಾಥಮಿಕವೋ ಆನುಷಂಗಿಕವೋ? ಒಂದೇ ಪುಟದಲ್ಲಿ ಎರಡೂ ಇವೆ. ತುಳು ಸಾಲುಗಳು ಪರಿಶೀಲನೆಗೆ ಒದಗುವ ವಸ್ತು. 'ಭೂತ'ವನ್ನು 'ದೆವ್ವ'ವೆಂದು ಕರೆದ ಶೀರ್ಷಿಕೆ ಒಂದು ವಾದ. ಅದನ್ನು ಒಪ್ಪುವ ಇಲ್ಲವೇ ತಿರಸ್ಕರಿಸುವ ಹೊಣೆ ಓದುಗನದು. ಶಿರೋಟಿಪ್ಪಣಿಗಳು ಹಸ್ತಪ್ರತಿಯ ಎಲೆಗಳ ಲೆಕ್ಕವನ್ನು ಕೊಡುವಷ್ಟು ಮುತುವರ್ಜಿಯಿಂದ ಹಾಡಿದವರನ್ನು ಗುರುತಿಸುವುದಿಲ್ಲ. ಹಾಗಾಗಿ 19ನೆಯ ಶತಮಾನದಲ್ಲಿ ಇಂಥ ಕಥೆ ಬರಹಕ್ಕೆ ಇಳಿದಿತ್ತು ಎನ್ನಲು ಈ ಪಾಠ ಸಾಕು. ಇಂಥ ಸಮುದಾಯ, ಇಂಥ ಕೋಲದಲ್ಲಿ, ಹೀಗೆಯೇ ಹಾಡುತ್ತಿತ್ತು ಎನ್ನಲು ಸಾಲದು. ಬರ್ನೆಲ್‌ನ ಪಾಠವನ್ನು ಅಳತೆಗೋಲಾಗಿ ಹಿಡಿದು ಇಂದಿನ ಹಾಡುಗಾರ್ತಿ 'ಈ ಭಾಗವನ್ನು ಮರೆತಿದ್ದಾಳೆ' ಎಂದು ತೀರ್ಪು ಕೊಡುವ ಪ್ರಬಂಧಗಳು ಎರಡನೆಯ ಕೆಲಸವನ್ನು ಅದರ ಹೆಗಲಿಗೆ ಹೊರಿಸುತ್ತಿವೆ.

ಇದಕ್ಕೆ ವ್ಯತಿರಿಕ್ತವಾಗಿ, ತನ್ನ ಆಕರ ಏನನ್ನು ಹೇಳಬಲ್ಲದು, ಏನನ್ನು ಹೇಳಲಾರದು ಎಂಬುದನ್ನು ತಾನೇ ಬಿಡಿಸಿ ಹೇಳಿದ ಕೆಲಸವೆಂದರೆ ಸಿರಿ ಕಾವ್ಯದ ಯೋಜನೆ. ಬೆಳ್ತಂಗಡಿ ತಾಲೂಕಿನ ಮಾಚಾರಿನ ಗೋಪಾಲ ನಾಯ್ಕರು 1990ರ ಡಿಸೆಂಬರಿನಲ್ಲಿ ಹಾಡಿ ಕೊಟ್ಟ ಕಾವ್ಯವನ್ನು ಫಿನ್ಲೆಂಡಿನ ಲೌರಿ ಹೊಂಕೊ, ಆನೆಲಿ ಹೊಂಕೊ, ನಮ್ಮವರಾದ ಕೆ. ಚಿನ್ನಪ್ಪ ಗೌಡ ಮತ್ತು ಬಿ. ಎ. ವಿವೇಕ ರೈ ಅವರು 1998ರಲ್ಲಿ ಹೆಲ್ಸಿಂಕಿಯ ಎಫ್. ಎಫ್. ಕಮ್ಯುನಿಕೇಶನ್ಸ್ ಮಾಲೆಯಲ್ಲಿ ಎರಡು ಸಂಪುಟಗಳಾಗಿ ಹೊರತಂದರು. 15,683 ಸಾಲುಗಳ ಪಾಠವದು. ಅದರ ಜೊತೆಗೆ ಬಂದ ಇನ್ನೊಂದು ಸಂಪುಟ ಪೂರ್ತಿಯಾಗಿ ಆ ಪಾಠ ಹೇಗೆ ಪಾಠವಾಯಿತು ಎಂಬುದಕ್ಕೆ ಮೀಸಲು. ಇಷ್ಟುದ್ದದ ಕಾವ್ಯವನ್ನು ಆದಿಯಿಂದ ಅಂತ್ಯದವರೆಗೆ ಒಂದೇ ಓಟದಲ್ಲಿ ಹಾಡುವ ಸಂದರ್ಭ ಸಿರಿ ಆಚರಣೆಯಲ್ಲಿ ಇಲ್ಲ; ಅಲ್ಲಿಯೂ ಗದ್ದೆಯ ಕೆಲಸದಲ್ಲಿಯೂ ಬರುವುದು ಭಾಗಗಳು. ಇಡೀ ಕಾವ್ಯ ಹುಟ್ಟಿದ್ದು ಸಂಶೋಧಕರ ಕೋರಿಕೆಗೆ ಓಗೊಟ್ಟು. ಈ ಸಂಗತಿಯನ್ನು ಹೊಂಕೊ ಮುಚ್ಚಿಡಲಿಲ್ಲ. ಹಾಡುಗಾರನ ಮನಸ್ಸಿನಲ್ಲಿ ಕಾವ್ಯ ಯಾವ ರೂಪದಲ್ಲಿ ಇರುತ್ತದೆ ಎಂಬ ಪ್ರಶ್ನೆಗೆ ಈ ಪಾಠ ಸಾಕ್ಷಿ ಎಂದು ಅವರು ಗೊತ್ತುಪಡಿಸಿದರು. ಎಲಿಯಾಸ್ ಲೊನ್‌ರೂಟ್ ಹಲವು ಹಾಡುಗಾರರಿಂದ ಆಯ್ದು ಜೋಡಿಸಿದ 'ಕಾಲೆವಾಲ'ದ (1849) ದೇಶದಿಂದ ಬಂದ ವಿದ್ವಾಂಸರಿಗೆ ಈ ಎಚ್ಚರ ಸಹಜವಾಗಿಯೇ ಬಂದಿರಬೇಕು. ಗ್ರಂಥದ ಶೀರ್ಷಿಕೆಯಲ್ಲಿಯೇ ಗೋಪಾಲ ನಾಯ್ಕರ ಹೆಸರಿದೆ ಎಂಬುದನ್ನೂ ಗಮನಿಸಬೇಕು. ವಿಪರ್ಯಾಸವೆಂದರೆ, ಇಷ್ಟೆಲ್ಲ ಹೇಳಿದ ಮೇಲೂ ನಮ್ಮ ಹಲವು ಬರಹಗಳಲ್ಲಿ ಆ ಸಂಪುಟಗಳು 'ಸಿರಿ ಆಚರಣೆಯಲ್ಲಿ ಹಾಡುವ ಕಾವ್ಯ' ಎಂಬ ಒಕ್ಕಣೆಯೊಂದಿಗೆ ಕಾಣಿಸಿಕೊಳ್ಳುತ್ತವೆ.

ತಪ್ಪು ಕೆಲಸಕ್ಕೆ ನೇಮಕಗೊಂಡ ಆಕರ ಗ್ರಂಥಾಲಯದ ಹೊರಗೂ ಪರಿಣಾಮ ಮಾಡಬಲ್ಲದು. ಭೂತಾಳಪಾಂಡ್ಯನ ಹೆಸರಿನಲ್ಲಿರುವ ಅಳಿಯಸಂತಾನದ ಕಟ್ಟುಕಟ್ಟಳೆ ಇದಕ್ಕೆ ನಿದರ್ಶನ. ಕುಂಡೋದರ ಭೂತ ನರಬಲಿ ಕೇಳಿದಾಗ ಹೆಂಡತಿ ತನ್ನ ಮಕ್ಕಳನ್ನು ಕೊಡಲೊಪ್ಪದೆ, ತಂಗಿ ತನ್ನ ಮಗನನ್ನು ಮುಂದೊಡ್ಡಿದಳೆಂಬ ಐತಿಹ್ಯ ತುಳುನಾಡಿನಲ್ಲಿ ಎಲ್ಲರೂ ಬಲ್ಲದ್ದು. ಶಾಲಿವಾಹನ ಶಕದ ಆರಂಭಕ್ಕೆ ತನ್ನನ್ನು ಒಯ್ದುಕೊಳ್ಳುವ ಈ ಬರಹವನ್ನು 19ನೆಯ ಶತಮಾನದಲ್ಲಿ ಮದರಾಸು ಪ್ರಾಂತ್ಯದ ನ್ಯಾಯಾಲಯಗಳ ಮುಂದೆ ಪ್ರಾಚೀನ ಕಾನೂನಾಗಿ ಇರಿಸಲಾಯಿತು. ಪಾಡ್ದನಗಳನ್ನು ಶ್ರದ್ಧೆಯಿಂದ ಕೂಡಿಹಾಕಿದ ಅದೇ ಬರ್ನೆಲ್ ಇದರ ಪ್ರಾಚೀನತೆಯನ್ನು ನಂಬಲಿಲ್ಲ. ಈಚಿನ ಕಾಲದ ಕೃತಕ ರಚನೆ ಎಂಬುದು ಅವನ ನಿಲುವು. ಆದರೆ ಮನೆತನಗಳ ಆಸ್ತಿಯ ಹಕ್ಕು ಆ ಹೊತ್ತಿಗೆ ಅದರ ಸುತ್ತ ತೂಗಾಡುತ್ತಿತ್ತು. 1949ರ ಮದರಾಸು ಅಳಿಯಸಂತಾನ ಕಾಯಿದೆ ಬರುವವರೆಗಿನ ಹಾದಿಯಲ್ಲಿ ಐತಿಹ್ಯ, ರೂಢಿ, ತೀರ್ಪು ಒಂದಕ್ಕೊಂದು ಹೆಣೆದುಕೊಂಡವು. ಕೃತಕವೆಂದು ಗೊತ್ತಾದೊಡನೆ ಸಂಶೋಧಕನಿಗೆ ಈ ಪಠ್ಯ ನಿರುಪಯುಕ್ತವಾಗುತ್ತದೆಯೇ? ಇಲ್ಲ. ಒಂದನೆಯ ಶತಮಾನದ ತುಳುನಾಡಿನ ಬಗ್ಗೆ ಅದು ಮೌನವಾಗಿರಲಿ; ವಸಾಹತು ಕಾಲದ ಕಚೇರಿಗಳ ಎದುರು ಒಂದು ಸಮಾಜ ತನ್ನ ರೂಢಿಗೆ ಯಾವ ಬಗೆಯ ದಾಖಲೆ ಒದಗಿಸಬೇಕೆಂದು ಭಾವಿಸಿತು ಎಂಬುದರ ಬಗ್ಗೆ ಅದರಷ್ಟು ಒಳ್ಳೆಯ ಆಕರ ಇನ್ನೊಂದಿಲ್ಲ. ಸ್ಮರಣ ಸಂಚಿಕೆಗಳಿಗೂ ಇದೇ ಮಾತು ಸಲ್ಲುತ್ತದೆ. ಸ್ಥಳದ ಸಾವಿರ ವರ್ಷಗಳ ಇತಿಹಾಸಕ್ಕೆ ಅವು ದುರ್ಬಲ ಆಧಾರ. ಇಂದಿನ ಭಕ್ತಮಂಡಳಿ ತನ್ನ ಇತಿಹಾಸವನ್ನು ಹೇಗೆ ಕಾಣಬಯಸುತ್ತದೆ ಎಂಬುದಕ್ಕೆ ಪ್ರಬಲ ಆಧಾರ.

ಇಲ್ಲಿ ನನ್ನದೇ ತಪ್ಪೊಂದನ್ನು ದಾಖಲಿಸಬೇಕಾಗಿದೆ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಪಡುಬಿದ್ರಿಗೆ ಹತ್ತಿರದ ಹಳ್ಳಿಯೊಂದರಲ್ಲಿ ಒಬ್ಬ ಹಿರಿಯ ಮಹಿಳೆಯಿಂದ ಕೋಟಿ-ಚೆನ್ನಯರ ಪಾಡ್ದನವನ್ನು ಧ್ವನಿಮುದ್ರಿಸಿಕೊಂಡಿದ್ದೆ. ನೇಜಿ ನೆಡುವಾಗ ಕಲಿತ ಹಾಡು. ನಡುವೆ ಒಂದು ಕಡೆ, ಅಚ್ಚ ತುಳುವಿನ ಮಧ್ಯೆ, ಗ್ರಾಂಥಿಕ ಕನ್ನಡದ ನುಡಿಗಟ್ಟೊಂದು ಬಂತು. ನನ್ನ ಮಹಾಪ್ರಬಂಧದಲ್ಲಿ ಅದನ್ನು ಎತ್ತಿ ತೋರಿಸಿ, ತುಳು ಮೌಖಿಕ ಪರಂಪರೆಯ ಮೇಲೆ ಕನ್ನಡದ ಪ್ರಾಚೀನ ಪ್ರಭಾವಕ್ಕೆ ಇದೊಂದು ಪುರಾವೆ ಎಂದು ಎರಡು ಪುಟ ಬರೆದೆ. ಕೆಲವು ವರ್ಷಗಳ ಮೇಲೆ ಬೇರೆ ಕಾರಣಕ್ಕಾಗಿ ಆ ಕ್ಯಾಸೆಟ್ಟನ್ನು ಮತ್ತೆ ಕೇಳಿದಾಗ, ಆ ಸಾಲು ಮುಗಿದೊಡನೆ ಆಕೆ ಹಾಡು ನಿಲ್ಲಿಸಿ ನನ್ನ ಕಡೆ ತಿರುಗಿ ಹೇಳಿದ ಮಾತು ಕಿವಿಗೆ ಬಿತ್ತು: 'ಬೂಕುಡು ಉಂಡತ್ತಾ ಮಗಾ.' ಪುಸ್ತಕದಲ್ಲಿದೆಯಲ್ಲ ಮಗಾ ಎಂದು. ಮನೆಯ ಮಕ್ಕಳು ಓದಿ ಹೇಳಿದ್ದನ್ನು ಆಕೆ ಮೆಚ್ಚಿ ತನ್ನ ಹಾಡಿಗೆ ಸೇರಿಸಿಕೊಂಡಿದ್ದಳು. ಪಂಜೆ ಮಂಗೇಶರಾಯರ ಕಾಲದಿಂದ ಕನ್ನಡದಲ್ಲಿ ಅಚ್ಚಾಗುತ್ತಾ ಬಂದ, 1973ರಲ್ಲಿ ತುಳು ಚಲನಚಿತ್ರವೂ ಆದ ಕಥೆಯಿದು; ಗದ್ದೆಗೂ ಪುಸ್ತಕಕ್ಕೂ ನಡುವೆ ಬೇಲಿಯಿದೆ ಎಂದು ನಂಬಿದ್ದವನು ನಾನೊಬ್ಬನೇ. ಆಕೆಯ ಆ ಮಾತನ್ನು ಲಿಪ್ಯಂತರ ಮಾಡುವಾಗ 'ಹಾಡಿಗೆ ಸಂಬಂಧಿಸದ ಮಾತು' ಎಂದು ಬಿಟ್ಟಿದ್ದೆ.

ಈ ತಪ್ಪಿನಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ತೀರ್ಮಾನ ಸುಳ್ಳಾದದ್ದಲ್ಲ. ಆಕೆ ಆ ಹೊತ್ತಿನಲ್ಲಿ ನನ್ನ ಜೊತೆ ವಾದಕ್ಕೆ ಕುಳಿತಿದ್ದಳು. ತನ್ನ ಹಾಡಿನ ಆಕರವನ್ನು ಸ್ವತಃ ಉಲ್ಲೇಖಿಸುತ್ತಿದ್ದಳು. ನಾನು ಬಿಟ್ಟುಬಿಟ್ಟ ಅಡಿಟಿಪ್ಪಣಿ ಆಕೆಯ ಬಾಯಲ್ಲಿತ್ತು. ನಾನು ಆಕೆಯನ್ನು ಪರಿಶೀಲನೆಯ ವಸ್ತುವಾಗಿ ಮಾತ್ರ ಕಂಡೆ. ನಮ್ಮ ಪ್ರಬಂಧಗಳ ಅನುಬಂಧಗಳಲ್ಲಿ 'ವಕ್ತೃಗಳ ಪಟ್ಟಿ' ಎಂಬುದೊಂದು ಇರುತ್ತದೆ: ಹೆಸರು, ವಯಸ್ಸು, ಜಾತಿ, ಊರು. ಓದು ಬಲ್ಲರೇ, ಯಾವ ಯಕ್ಷಗಾನ ಪ್ರಸಂಗ ನೋಡಿದ್ದಾರೆ, ಹಿಂದೆ ಯಾವ ಸಂಶೋಧಕರು ಬಂದು ಏನು ಕೇಳಿ ಹೋಗಿದ್ದಾರೆ ಎಂಬ ಕಲಮುಗಳು ಇರುವುದಿಲ್ಲ. ಆಚರಣೆಯ ಅರ್ಥವನ್ನು ಕುರಿತು ಪಾತ್ರಿಯೊಬ್ಬರು ಹೇಳಿದ ಮಾತು ಪರಿಶಿಷ್ಟದಲ್ಲಿ ಉಳಿಯುತ್ತದೆ. ಅದೇ ಮಾತನ್ನು ವಿದೇಶಿ ವಿದ್ವಾಂಸರೊಬ್ಬರು ಇಂಗ್ಲಿಷಿನಲ್ಲಿ ಹೇಳಿದರೆ ಸಿದ್ಧಾಂತದ ಅಧ್ಯಾಯಕ್ಕೆ ಏರುತ್ತದೆ.

ಕೃತಿಚೌರ್ಯ ತಡೆಗೆ ವಿಶ್ವವಿದ್ಯಾಲಯ ಅನುದಾನ ಆಯೋಗ 2018ರಲ್ಲಿ ನಿಯಮಗಳನ್ನು ತಂದಿತು. ಶೇಕಡಾ 10ರವರೆಗಿನ ಹೋಲಿಕೆಗೆ ದಂಡನೆಯಿಲ್ಲ, ಮೀರಿದರೆ ಉಂಟು. ಪ್ರಬಂಧಗಳು ತಂತ್ರಾಂಶದ ಜರಡಿಯಲ್ಲಿ ಹಾದುಹೋಗುತ್ತಿವೆ. ಒಳ್ಳೆಯದೇ. ಆದರೆ ಆ ಜರಡಿ ಹಿಡಿಯುವುದು ಅಚ್ಚಾದ, ಗಣಕಕ್ಕೆ ಏರಿದ ಪದಗಳನ್ನು. ನಾಟಿಯ ಗದ್ದೆಯಲ್ಲಿ ಕೇಳಿದ ವಿವರಣೆಯನ್ನು ಸಂಶೋಧಕ ತನ್ನದೇ ಒಳನೋಟವೆಂದು ಬರೆದುಕೊಂಡರೆ ಯಾವ ಯಂತ್ರವೂ ಅದನ್ನು ಕೆಂಪು ಬಣ್ಣದಲ್ಲಿ ತೋರಿಸುವುದಿಲ್ಲ. ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದಿಂದ 1988ರಿಂದ 1997ರ ನಡುವೆ ಯು. ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ ಹೊರಬಂದ ಆರು ಸಂಪುಟಗಳ ತುಳು ನಿಘಂಟು ಒಂದು ಶಬ್ದಕ್ಕೆ ಪ್ರಾದೇಶಿಕ, ಸಾಮಾಜಿಕ ರೂಪಭೇದಗಳನ್ನು ಗುರುತಿಸುವಾಗ ತೋರುವ ಸೂಕ್ಷ್ಮತೆಯನ್ನು, ಒಂದು ಅಭಿಪ್ರಾಯ ಯಾರದೆಂದು ಗುರುತಿಸುವಾಗ ನಾವು ಇನ್ನೂ ರೂಢಿಸಿಕೊಂಡಿಲ್ಲ.

ನನ್ನ ಮಹಾಪ್ರಬಂಧ ಗ್ರಂಥಾಲಯದ ಕಪಾಟಿನಲ್ಲಿ ಮೊದಲಿನಂತೆಯೇ ಇದೆ. ಒಮ್ಮೆ ಒಪ್ಪಿಸಿದ ಪ್ರತಿಯನ್ನು ತಿದ್ದುವ ಅವಕಾಶವಿಲ್ಲ. ಆ ಹಿರಿಯ ಮಹಿಳೆ ಈಗಿಲ್ಲ. ಈಚೆಗೆ ಪರಿಶೀಲನೆಗೆಂದು ನನ್ನ ಬಳಿ ಬಂದ ಪ್ರಬಂಧವೊಂದರಲ್ಲಿ ಪಾಡ್ದನಗಳ ಮೇಲಿನ ಕನ್ನಡದ ಪ್ರಾಚೀನ ಪ್ರಭಾವವನ್ನು ಕುರಿತ ವಾಕ್ಯವೊಂದಿತ್ತು. ಅಡಿಟಿಪ್ಪಣಿಯಲ್ಲಿ ಮೂರು ಆಧಾರಗಳಿದ್ದವು. ಮೊದಲನೆಯದು ನನ್ನ ಮಹಾಪ್ರಬಂಧ. ಉಳಿದೆರಡು, ಅದನ್ನು ಉಲ್ಲೇಖಿಸಿದ ಲೇಖನಗಳು.