ಕಂದೂ ಒಂದು ಬಣ್ಣವೇ?

ದೀಪಾವಳಿ ಕಳೆದು ಮೂರು ವಾರವಾಗುವ ಹೊತ್ತಿಗೆ ನಮ್ಮ ಬೀದಿಯ ಕಸದ ಗಾಡಿಯಲ್ಲಿ ಸೇವಂತಿಗೆ ಗಿಡಗಳು ಕಾಣಿಸಿಕೊಳ್ಳುತ್ತವೆ. ಹಬ್ಬಕ್ಕೆಂದು ಕುಂಡಸಮೇತ ಕೊಂಡು ತಂದು, ಮೆಟ್ಟಿಲ ಮೇಲೆ ಸಾಲಾಗಿ ಇಟ್ಟು, ಹೂ ಬಾಡಿದೊಡನೆ ಬೇರುಸಹಿತ ಎಸೆದ ಗಿಡಗಳು ಅವು. ಎಸೆದವರನ್ನು ನಿಂದಿಸುವುದು ನನ್ನ ಉದ್ದೇಶವಲ್ಲ; ನಾನೂ ಹಲವು ವರ್ಷ ಹಾಗೆಯೇ ಮಾಡಿದವನು. ಬಾಡಿದ ಹೂವನ್ನು ಮನೆಯಲ್ಲಿ ಉಳಿಸಿಕೊಳ್ಳಬಾರದೆಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ದೇವರ ಮುಡಿಯ ಹೂವೇ ಮರುದಿನ ನಿರ್ಮಾಲ್ಯವಾಗುವಾಗ, ಕುಂಡದ ಹೂವಿನ ಪಾಡೇನು?

ಆದರೆ ಸೇವಂತಿಗೆ ಒಂದು ಹಬ್ಬಕ್ಕೆ ಮುಗಿಯುವ ಗಿಡವಲ್ಲ. ಮೇಲಿನ ಕಾಂಡ ಒಣಗಿದರೂ ಬುಡ ಬದುಕಿರುತ್ತದೆ, ಮತ್ತೆ ಚಿಗುರುತ್ತದೆ. ಸಸ್ಯಶಾಸ್ತ್ರದವರು ಇಂಥ ಗಿಡಗಳನ್ನು ಬಹುವಾರ್ಷಿಕಗಳೆನ್ನುತ್ತಾರೆ. ಹೂವು ಮುಗಿದ ಮೇಲೆ ಇಂಥ ಗಿಡವನ್ನು ಏನೆಂದು ಕಾಣಬೇಕು? ಈ ಪ್ರಶ್ನೆಗೆ ಪರಸ್ಪರ ವಿರುದ್ಧವಾದ ಉತ್ತರಗಳನ್ನು ಕೊಡುವ ಎರಡು ಗ್ರಂಥಗಳನ್ನು ಈಚೆಗೆ ಒಟ್ಟಿಗೆ ಓದುವ ಅವಕಾಶ ಒದಗಿತು. ಒಂದು, ಇಂಗ್ಲೆಂಡಿನ ಗರ್ಟ್ರೂಡ್ ಜೀಕಲ್ 1908ರಲ್ಲಿ ಪ್ರಕಟಿಸಿದ ‘ಕಲರ್ ಇನ್ ದ ಫ್ಲವರ್ ಗಾರ್ಡನ್’. ಇನ್ನೊಂದು, ಹಾಲೆಂಡಿನ ಪೀಟ್ ಔಡಾಲ್ಫ್ ಅವರು ನೋಯೆಲ್ ಕಿಂಗ್ಸ್‌ಬರಿಯವರೊಡನೆ 1999ರಲ್ಲಿ ಹೊರತಂದ ‘ಡಿಸೈನಿಂಗ್ ವಿತ್ ಪ್ಲಾಂಟ್ಸ್’. ನಡುವೆ ತೊಂಬತ್ತೊಂದು ವರ್ಷಗಳ ಅಂತರ. ತೋಟವನ್ನೂ ಒಂದು ಕಾವ್ಯದಂತೆ, ಚಿತ್ರದಂತೆ ವಿಮರ್ಶಿಸಬಹುದೆಂದು ಒಪ್ಪುವವರಿಗೆ ಈ ಎರಡನ್ನೂ ಹೋಲಿಸಿ ನೋಡುವುದು ವ್ಯರ್ಥವಾಗಲಾರದು.

ಮೊದಲು ಅಲ್ಲಿನ ತೋಟಗಾರರ ಕಷ್ಟವನ್ನು ತಿಳಿದುಕೊಳ್ಳಬೇಕು. ಇಂಗ್ಲೆಂಡಿನಲ್ಲಿ ವಸಂತಕ್ಕೆ ಗೆಡ್ಡೆಯ ಹೂಗಳಿವೆ, ಜೂನ್ ತಿಂಗಳಿಗೆ ಗುಲಾಬಿಯಿದೆ. ಆಗಸ್ಟ್ ನಡುವಿಗೆ ಬಂದರೆ ತೋಟ ದಣಿದು ಕೂರುತ್ತದೆ. ಆಮೇಲೆ ಚಳಿ ಬಿದ್ದು ಎಲ್ಲವೂ ಮಲಗುವತನಕ ಎರಡು ಮೂರು ತಿಂಗಳು ಉಳಿಯುತ್ತವೆ. ಆ ಅವಧಿಯನ್ನು ತುಂಬಿಕೊಟ್ಟವು ಬಹುಮಟ್ಟಿಗೆ ಉತ್ತರ ಅಮೆರಿಕದಿಂದ ಬಂದ ಬಹುವಾರ್ಷಿಕಗಳು: ನೇರಿಳೆ ಬಣ್ಣದ ಆಸ್ಟರ್, ಹಳದಿಯ ಗೋಲ್ಡನ್‌ರಾಡ್ ಮತ್ತು ರಡ್‌ಬೆಕಿಯ, ತಾಮ್ರವರ್ಣದ ಹೆಲೀನಿಯಮ್. (ನಮ್ಮ ಮಾರುಕಟ್ಟೆಯಲ್ಲಿ ಆಸ್ಟರ್ ಎಂದು ಮಾರುವುದು ಬೇರೆ, ಅದು ಒಂದೇ ವರ್ಷ ಬಾಳುವ ಚೀನಾ ಆಸ್ಟರ್.) ಇವುಗಳಲ್ಲಿ ಹಲವು ತಡವಾಗಿ ಅರಳುವುದು ಸೋಮಾರಿತನದಿಂದಲ್ಲ. ಹಗಲು ಕಿರಿದಾಗುತ್ತ ಬಂದದ್ದನ್ನು ಅರಿತು ಅವು ಮೊಗ್ಗು ಕಟ್ಟುತ್ತವೆ. ಹಗಲಿರುಳಿನ ಉದ್ದಕ್ಕೂ ಹೂವಿಗೂ ಇರುವ ಈ ಸಂಬಂಧವನ್ನು ಅಮೆರಿಕದ ಗಾರ್ನರ್ ಮತ್ತು ಅಲ್ಲಾರ್ಡ್ ಎಂಬ ವಿಜ್ಞಾನಿಗಳು 1920ರಲ್ಲಿ ವಿಶದಪಡಿಸಿದರು. ನಮ್ಮ ಸೇವಂತಿಗೆಯೂ ಇದೇ ಗುಂಪಿನದು. ಬೆಂಗಳೂರಿನ ಸುತ್ತಿನ ಕೆಲವು ರೈತರು ರಾತ್ರಿಯ ಹೊತ್ತು ಸೇವಂತಿಗೆ ಹೊಲದಲ್ಲಿ ವಿದ್ಯುದ್ದೀಪ ಉರಿಸುವುದು ಗಿಡವನ್ನು ವಂಚಿಸಿ ಹೂವನ್ನು ತಡಮಾಡುವುದಕ್ಕೇ.

ಜೀಕಲ್ ಇದನ್ನೆಲ್ಲ ವಿಜ್ಞಾನದಿಂದ ಕಲಿತವರಲ್ಲ. 1843ರಲ್ಲಿ ಹುಟ್ಟಿದ ಆಕೆ ಮೊದಲು ಚಿತ್ರಕಲೆಯನ್ನು ಅಭ್ಯಾಸ ಮಾಡಿದವರು. ಕಣ್ಣಿನ ದೋಷ ಹೆಚ್ಚಿ ಕುಂಚವನ್ನು ಬಿಡಬೇಕಾಗಿ ಬಂದಾಗ ಮಣ್ಣಿಗೆ ಕೈಹಾಕಿದರು. ಸರ್ರೆ ಪ್ರಾಂತದ ಮನ್‌ಸ್ಟೆಡ್ ವುಡ್‌ನಲ್ಲಿ ಆಕೆಯ ತೋಟ. ಅಲ್ಲಿನ ಮನೆಯನ್ನು ಕಟ್ಟಿದವರು ಮುಂದೆ ಹೊಸ ದೆಹಲಿಯನ್ನು ಯೋಜಿಸಿದ ಲಟ್ಯೆನ್ಸ್. ಆ ತೋಟದ ಮುಖ್ಯ ಹೂಪಟ್ಟಿ ಸುಮಾರು 200 ಅಡಿ ಉದ್ದ, 14 ಅಡಿ ಅಗಲ. ಎರಡು ತುದಿಗಳಲ್ಲಿ ಬೂದು ಎಲೆ ಮತ್ತು ತಂಪು ಬಣ್ಣಗಳು, ನಡುವಿಗೆ ಬರುತ್ತ ತಿಳಿಹಳದಿ, ಕಿತ್ತಳೆ, ನಟ್ಟನಡುವೆ ಕೆಂಪು. ಸಂಗೀತಗಾರ ಮಂದ್ರದಿಂದ ತಾರಕ್ಕೇರಿ ಮತ್ತೆ ಇಳಿಯುವಂತೆ ಇದರ ನಡೆ. ಜುಲೈ ನಡುವಿನಿಂದ ಅಕ್ಟೋಬರ್‌ವರೆಗೆ ಇದು ಬಣ್ಣ ಕಳೆದುಕೊಳ್ಳಬಾರದೆಂಬುದು ಆಕೆಯ ಹಟ. ಆಸ್ಟರ್‌ಗಳಿಗೆಂದೇ ಬೇರೆ ಪಟ್ಟಿಗಳನ್ನು ಇಟ್ಟರು. ಸೆಪ್ಟೆಂಬರಿಗೆ ಅರಳುವವು ಒಂದು ಕಡೆ, ಅಕ್ಟೋಬರಿನವು ಇನ್ನೊಂದು ಕಡೆ.

ಗಿಡಗಳನ್ನು ರಾಶಿಹಾಕಿದ ಮಾತ್ರಕ್ಕೆ ತೋಟವಾಗುವುದಿಲ್ಲ, ಬಣ್ಣದ ಪೆಟ್ಟಿಗೆಯೇ ಚಿತ್ರವಲ್ಲ ಎಂಬುದು ಈ ಗ್ರಂಥದ ಸಾರ. ಬಣ್ಣವನ್ನೇ ಕುರಿತ ಈ ಪುಸ್ತಕದ ಛಾಯಾಚಿತ್ರಗಳು ಕಪ್ಪುಬಿಳುಪಿನವು. ಆದರೂ ಓದುವಾಗ ಬಣ್ಣದ ಕೊರತೆ ಕಾಣುವುದಿಲ್ಲ. ಅಷ್ಟರಮಟ್ಟಿಗೆ ಆಕೆಯ ಗದ್ಯ ಗೆದ್ದಿದೆ. ಉಪಾಯಗಳಂತೂ ಬಲು ಜಾಣತನದವು. ಒಂದೇ ಜಾತಿಯ ಗಿಡಗಳನ್ನು ಚೌಕನೆಯ ಮಡಿಯಲ್ಲಿ ನೆಡದೆ ಉದ್ದನೆಯ ತೆಳು ಸಾಲುಗಳಲ್ಲಿ ಓರೆಯಾಗಿ ಹರಿಸುತ್ತಾರೆ. ಹೂವು ಮುಗಿದಾಗ ದೊಡ್ಡ ಬಯಲು ಕಾಣಬಾರದೆಂಬುದೂ ಇದರ ಒಂದು ಕಾರಣ. ಡೆಲ್ಫಿನಿಯಮ್ ಮುಗಿದ ಜಾಗದ ಮೇಲೆ ಬಟಾಣಿ ಜಾತಿಯ ಬಳ್ಳಿಯನ್ನು ಎಳೆದು ಹಬ್ಬಿಸುತ್ತಾರೆ. ಅದು ಮುಗಿದರೆ ಅದರ ಮೇಲೆ ಕ್ಲೆಮಾಟಿಸ್ ಬಳ್ಳಿ. ಆಮೇಲೂ ಸಂದು ಉಳಿದರೆ ಕುಂಡದಲ್ಲಿ ಸಿದ್ಧವಾಗಿಟ್ಟ ಹೂಗಿಡವನ್ನು ತಂದು ಇಳಿಸುತ್ತಾರೆ.

ಇಲ್ಲಿಯೇ ನನ್ನ ಮೊದಲ ಆಕ್ಷೇಪ. ಆಕೆಯ ತೋಟದಲ್ಲಿ ಜಿಪ್ಸೊಫಿಲದ ಬಿಳಿ ತುಂತುರು ಬೀಜ ಕಟ್ಟಿ ಕಂದಿದಾಗ, ಅದರ ಮೇಲೆ ನಾಸ್ಟರ್ಷಿಯಮ್ ಬಳ್ಳಿಯನ್ನು ಹರಡಿ ಮುಚ್ಚುತ್ತಾರೆ. ಈ ಒಂದು ಉಪಾಯದಲ್ಲಿ ಆಕೆಯ ಕಲೆಯ ಬಲವೂ ಮಿತಿಯೂ ಕೂಡಿ ಬಂದಿವೆ. ಗಿಡ ಆಕೆಗೆ ಬಣ್ಣ. ಬಣ್ಣ ಆರಿದ ಗಿಡ ಅಲ್ಲಿ ಇದ್ದೂ ಇಲ್ಲದಂತಾಗಬೇಕು. ನಾಟಕದಲ್ಲಿ ತನ್ನ ಮಾತು ಮುಗಿಸಿದ ಪಾತ್ರಧಾರಿಯನ್ನು ಪರದೆಯ ಹಿಂದಕ್ಕೆ ತಳ್ಳುವಂತೆ ಈ ವ್ಯವಸ್ಥೆ. ನೋಡುವವರಿಗೆ ಮೂರು ತಿಂಗಳ ಅಖಂಡ ಸಂಭ್ರಮ. ತೆರೆಯ ಹಿಂದೆ ಮಾತ್ರ ಕಟ್ಟುವ, ಬಗ್ಗಿಸುವ, ಕತ್ತರಿಸುವ, ಕುಂಡ ಹೊರುವ ಆಳುಗಳ ದುಡಿಮೆ. ಕೈಯಾಳುಗಳಿಲ್ಲದ ಮನೆಯವರು ಈ ಪುಸ್ತಕವನ್ನು ಓದಿ ಆನಂದಿಸಬಹುದು, ಅನುಸರಿಸುವುದು ಕಷ್ಟ.

ಔಡಾಲ್ಫ್ ಹಿಡಿದ ದಾರಿ ಇದಕ್ಕೆ ತಿರುಗುಮುರುಗು. 1944ರಲ್ಲಿ ಹಾರ್ಲೆಮ್‌ನಲ್ಲಿ ಹುಟ್ಟಿದ ಇವರು, 1982ರಲ್ಲಿ ಪತ್ನಿ ಆನ್ಯಾ ಅವರೊಡನೆ ಹುಮೆಲೊ ಎಂಬ ಹಳ್ಳಿಯಲ್ಲಿ ನೆಲೆಸಿ ಸಸಿಗಳನ್ನು ಬೆಳೆಸತೊಡಗಿದರು. 2018ರಲ್ಲಿ ಸಾರ್ವಜನಿಕರಿಗೆ ಬಾಗಿಲು ಮುಚ್ಚುವತನಕ ಆ ತೋಟ ಅನೇಕರ ಯಾತ್ರಾಸ್ಥಳವಾಗಿತ್ತು. ಇವರ ಗ್ರಂಥ ಬಣ್ಣದಿಂದ ಆರಂಭವಾಗುವುದಿಲ್ಲ; ಆಕಾರದಿಂದ ಆರಂಭವಾಗುತ್ತದೆ. ತೆನೆಯಂತೆ ನೆಟ್ಟಗೆ ನಿಲ್ಲುವ ಹೂಗಳು, ಗುಂಡಿಯಂಥವು, ಕೊಡೆಯಂಥವು, ಚಾಮರದಂಥವು ಎಂದು ವಿಂಗಡಣೆ. ಬಣ್ಣ ಕೆಲವು ವಾರ ಇರುತ್ತದೆ, ಆಕಾರ ಹಲವು ತಿಂಗಳು ಇರುತ್ತದೆ. ಆದ್ದರಿಂದ ಆಯ್ಕೆಯಲ್ಲಿ ಆಕಾರಕ್ಕೆ ಮೊದಲ ಮಣೆ ಎಂಬುದು ವಾದ.

ಹೀಗೆ ಆಯ್ದ ಗಿಡ ಹೂವು ಉದುರಿದ ಮೇಲೂ ಸಭೆಯಲ್ಲಿ ಕುಳಿತಿರುತ್ತದೆ. ಎಕಿನೇಸಿಯದ ದಳ ಬಿದ್ದ ಮೇಲೆ ಅದರ ಕರಿಯ ಗುಬುಟು ಉಳಿಯುತ್ತದೆ. ಸೆಡಮ್ಮಿನ ಚಪ್ಪಟೆ ಗೊಂಚಲು ಗುಲಾಬಿಯಿಂದ ಇಟ್ಟಿಗೆಗೆ, ಇಟ್ಟಿಗೆಯಿಂದ ಕಂದಿಗೆ ತಿರುಗುತ್ತದೆ. ಹುಲ್ಲುಗಳು ಒಣಗಿ ಹೊಂಬಣ್ಣವಾಗಿ ಗಾಳಿಗೆ ತೂಗುತ್ತವೆ. ಬೀಜಗಳಿಗೆ ಹಕ್ಕಿಗಳು ಬರುತ್ತವೆ. ಕಂದನ್ನೂ ಬಣ್ಣಗಳ ಪಂಕ್ತಿಯಲ್ಲಿ ಕೂರಿಸಿದ್ದೇ ಔಡಾಲ್ಫ್ ಅವರ ಸಾಧನೆ. ಇದರಲ್ಲಿ ಅವರೇ ಮೊದಲಿಗರಲ್ಲ ಎಂಬುದನ್ನೂ ಹೇಳಬೇಕು. ಜರ್ಮನಿಯ ಪಾಟ್ಸ್‌ಡಾಮಿನ ಬಳಿ ಕಾರ್ಲ್ ಫೋರ್‌ಸ್ಟರ್ (1874–1970) ಬಹುವಾರ್ಷಿಕಗಳ ಜೊತೆಗೆ ಹುಲ್ಲಿಗೂ ತೋಟದಲ್ಲಿ ಮರ್ಯಾದೆ ತಂದುಕೊಟ್ಟಿದ್ದರು. ಅವರ ಹೆಸರಿನ ಹುಲ್ಲೊಂದು ಇಂದು ಅನೇಕ ದೇಶಗಳಲ್ಲಿ ಬೆಳೆಯುತ್ತಿದೆ.

ನ್ಯೂಯಾರ್ಕಿನ ‘ಹೈ ಲೈನ್’ ಉದ್ಯಾನ ಈ ತತ್ತ್ವದ ಪ್ರಸಿದ್ಧ ನಿದರ್ಶನ. 1980ರಲ್ಲಿ ಕೊನೆಯ ರೈಲು ಓಡಿ ಪಾಳುಬಿದ್ದಿದ್ದ ಎತ್ತರದ ಸರಕು ರೈಲುಮಾರ್ಗದ ಮೇಲೆ ಹುಲ್ಲೂ ಕಾಡುಹೂವೂ ತಾವಾಗಿಯೇ ಬೆಳೆದಿದ್ದವು. ಅದೇ ಭಾವವನ್ನು ಉಳಿಸಿಕೊಂಡು ಔಡಾಲ್ಫ್ ರೂಪಿಸಿದ ನೆಡುವಿಕೆಯ ಮೊದಲ ಭಾಗ 2009ರಲ್ಲಿ ತೆರೆಯಿತು. ಅಮೆರಿಕದ ಬೀದಿಬದಿಯ ಆಸ್ಟರ್ ಯೂರೋಪಿಗೆ ಹೋಗಿ, ಅಲ್ಲಿ ತೋಟದ ಗೌರವ ಪಡೆದು, ತವರಿನ ನಗರಕ್ಕೆ ಹಿಂದಿರುಗಿದಂತಾಯಿತು. ಅಲ್ಲಿ ಒಣಗಿದ ಗಿಡಗಳನ್ನು ಚಳಿಗಾಲವಿಡೀ ಹಾಗೆಯೇ ಬಿಟ್ಟು, ಮಾರ್ಚಿನಲ್ಲಿ ಸ್ವಯಂಸೇವಕರೂ ಸೇರಿ ಕತ್ತರಿಸುತ್ತಾರೆ.

ಹಾಗೆಂದು ಔಡಾಲ್ಫ್ ಅವರ ಗ್ರಂಥ ದೋಷರಹಿತವೇನೂ ಅಲ್ಲ. ಅದರ ಚಿತ್ರಗಳಲ್ಲಿ ಒಣಗಿದ ತೆನೆಗಳ ಮೇಲೆ ಹಿಮದ ಹರಳು ಮಿನುಗುತ್ತದೆ. ಅದು ಚಳಿಗಾಲದ ಆಯ್ದ ಒಂದು ಬೆಳಗು. ಮಳೆಗೆ ನೆನೆದು, ಕಪ್ಪಾಗಿ, ನೆಲಕ್ಕೆ ಒರಗಿದ ದಿನಗಳು ಚಿತ್ರಕ್ಕೆ ಸಿಕ್ಕುವುದು ಅಪರೂಪ. ಜೀಕಲ್ ಬಾಡಿದ್ದನ್ನು ಬಳ್ಳಿಯಿಂದ ಮುಚ್ಚಿದರೆ, ಈ ಪುಸ್ತಕ ಬಾಡಿದ್ದರ ಕುರೂಪವನ್ನು ಛಾಯಾಚಿತ್ರದ ಆಯ್ಕೆಯಿಂದ ಮುಚ್ಚುತ್ತದೆ ಎನ್ನಬಹುದು. ಓದಿದವರು ‘ಏನೂ ಮಾಡದೆ ಬಿಟ್ಟರೆ ಸಾಕು’ ಎಂದು ಭಾವಿಸುವ ಅಪಾಯವೂ ಇದೆ. ತಾನಾಗಿ ಬೆಳೆದಂತೆ ಕಾಣುವ ತೋಟದಲ್ಲಿ ಯಾವುದನ್ನು ಕೀಳಬೇಕು, ಯಾವುದನ್ನು ಬಿಡಬೇಕು ಎಂದು ಬಲ್ಲವರ ಕೈ ದಿನವೂ ಆಡಿರುತ್ತದೆ. ಆ ಕೈಯನ್ನು ಮುಚ್ಚಿಡದೆ ಹೇಳುವ ವಿಷಯದಲ್ಲಿ ಜೀಕಲ್ ಹೆಚ್ಚು ಪ್ರಾಮಾಣಿಕರು.

ಇಷ್ಟಾದರೂ ಎರಡರಲ್ಲಿ ಒಂದನ್ನು ಆರಿಸೆಂದರೆ ನಾನು ಔಡಾಲ್ಫ್ ಅವರ ಪಕ್ಷ. ಗಿಡವನ್ನು ಆರಿಸುವಾಗ ‘ಇದರ ಹೂವು ಹೇಗಿದೆ?’ ಎಂದು ಕೇಳುವುದು ಕೊಳ್ಳುವವನ ಪ್ರಶ್ನೆ. ‘ಚಿಗುರಿದಂದಿನಿಂದ ಕತ್ತರಿಸುವ ದಿನದವರೆಗೆ ಇದು ಹೇಗೆ ಬಾಳುತ್ತದೆ?’ ಎಂದು ಕೇಳುವುದು ಬೆಳೆಸುವವನ ಪ್ರಶ್ನೆ. ಈ ಎರಡನೆಯ ಪ್ರಶ್ನೆಯಿಂದ ಆಯ್ಕೆಯೇ ಬದಲಾಗುತ್ತದೆ. ನ್ಯೂಯಾರ್ಕ್ ಆಸ್ಟರಿನ ಹೂವು ಚೆಲುವಾದರೂ ಎಲೆಗೆ ಬೂದಿ ರೋಗ ಬೇಗ ತಗಲುತ್ತದೆ. ಹೂವೊಂದನ್ನೇ ನೋಡುವವರಿಗೆ ಇದು ಕಾಣದು. ಯೂರೋಪಿನ ಮತ್ತು ಹಿಮಾಲಯದ ಆಸ್ಟರ್‌ಗಳ ಸಂಕರದಿಂದ ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ಫ್ರಿಕಾರ್ಟ್ ಆಸ್ಟರ್ ಆ ರೋಗಕ್ಕೆ ಅಷ್ಟಾಗಿ ಸೋಲದೆ ಎರಡು ಮೂರು ತಿಂಗಳು ಅರಳುತ್ತದೆ. ಅತಿಯಾಗಿ ಗೊಬ್ಬರ ಉಂಡ ಗಿಡ ಎತ್ತರಕ್ಕೆ ಬೆಳೆದು ಹೂವಿನ ಕಾಲಕ್ಕೇ ಮಗುಚಿ ಬೀಳುತ್ತದೆ. ಮಿತವಾಗಿ ಉಂಡದ್ದು ಆಸರೆಯಿಲ್ಲದೆ ನಿಲ್ಲುತ್ತದೆ.

ಇನ್ನು ನಮ್ಮ ಮಾತು. ಈ ಗ್ರಂಥಗಳ ಗಿಡಗಳ ಪಟ್ಟಿಯನ್ನು ಇಲ್ಲಿಗೆ ತಂದು ನೆಡುವುದು ಅವಿವೇಕ. ಬೆಂಗಳೂರಿನಲ್ಲಿ ತೋಟವನ್ನು ಮಲಗಿಸುವ ಹಿಮವಿಲ್ಲ. ಲಂಡನ್ನಿನ ಹಗಲು ಜೂನಿನಲ್ಲಿ ಹದಿನಾರೂವರೆ ಗಂಟೆ, ಡಿಸೆಂಬರಿನಲ್ಲಿ ಎಂಟಕ್ಕೂ ಕಡಿಮೆ. ನಮ್ಮಲ್ಲಿ ಹೆಚ್ಚೆಂದರೆ ಸುಮಾರು ಹದಿಮೂರು, ಕಡಿಮೆಯೆಂದರೆ ಹನ್ನೊಂದರ ಮೇಲೆ. ಹಿಂಗಾರು ಮಳೆಯಲ್ಲಿ ಒಣತೆನೆ ನಿಲ್ಲದು, ಕೊಳೆಯುತ್ತದೆ. ತರಬೇಕಾದದ್ದು ಆ ಪ್ರಶ್ನೆಯನ್ನು. ಚಳಿಗಾಲಕ್ಕೆ ಹೂಬಿಡುವ ಗೊರಟೆ ನಮ್ಮಲ್ಲಿದೆ. ಎಲ್ಲಕ್ಕಿಂತ ಮಿಗಿಲಾಗಿ ಸೇವಂತಿಗೆಯಿದೆ. ಇಂಗ್ಲೆಂಡಿನವರು ಮೇ ಕೊನೆಯಲ್ಲಿ, ಚೆಲ್ಸಿಯ ಪುಷ್ಪಪ್ರದರ್ಶನದ ಸುಮಾರಿಗೆ, ಗಿಡಗಳ ತಲೆ ಕತ್ತರಿಸಿ ಹೂವನ್ನು ಕೆಲವು ವಾರ ಹಿಂದೂಡುತ್ತಾರೆ. ಗಿಡ ಗಿಡ್ಡವಾಗಿ, ಕವಲೊಡೆದು, ಬೀಳದೆ ನಿಲ್ಲುತ್ತದೆ. ನಮ್ಮ ಹೂವಾಡಿಗರು ಸೇವಂತಿಗೆಯ ಕುಡಿ ಚಿವುಟುವುದೂ ಕವಲು ಹೆಚ್ಚಲೆಂದೇ. ಪಾಠ ಹೊಸದಲ್ಲ, ಹೊಲದಲ್ಲಿ ಬಲ್ಲದ್ದನ್ನು ನಾವು ಕುಂಡದಲ್ಲಿ ಮರೆತಿದ್ದೇವೆ.

ಎರಡು ವರ್ಷದ ಹಿಂದೆ ಹಬ್ಬದ ಒಂದು ಗಿಡವನ್ನು ಎಸೆಯದೆ ಉಳಿಸಿಕೊಂಡೆ. ಮಾರ್ಗಶಿರದಲ್ಲಿ ಹಳದಿ ಹೋಗಿ ಕಂದಾಯಿತು. ಒಣಹವೆಯಲ್ಲಿ ಕೆಲವು ವಾರ ಹಾಗೆಯೇ ಬಿಟ್ಟು ನೋಡಿದೆ, ಕುರೂಪವೆನ್ನಿಸಲಿಲ್ಲ. ಆಮೇಲೆ ಗೇಣುದ್ದಕ್ಕಿಂತ ಕೆಳಗೆ ಕತ್ತರಿಸಿ, ಹದವಾಗಿ ನೀರು ಕೊಟ್ಟೆ. ಬುಡದ ಸುತ್ತ ಮರಿಗಳೆದ್ದವು. ಆಷಾಢದಲ್ಲಿ ಬೇರುಸಹಿತ ಬಿಡಿಸಿ ನೆಟ್ಟಾಗ ಒಂದು ಕುಂಡ ಐದಾಗಿತ್ತು. ಹೂವು ಅಂಗಡಿಯದರಷ್ಟು ದೊಡ್ಡದಾಗಿರಲಿಲ್ಲ, ಅದನ್ನೂ ಹೇಳಬೇಕು.

ಕನ್ನಡದಲ್ಲಿ ಬಾಡುವುದಕ್ಕೆ ‘ಕಂದು’ ಎನ್ನುತ್ತೇವೆ. ಬಾಡಿದ್ದರ ಬಣ್ಣಕ್ಕೂ ಕಂದು ಎಂದೇ ಹೆಸರು. ಬಾಳೆಯ ಬುಡದಲ್ಲಿ, ಸೇವಂತಿಗೆಯ ಬುಡದಲ್ಲಿ ಏಳುವ ಮರಿಯನ್ನೂ ರೈತರು ಕಂದು ಎಂದೇ ಕರೆಯುತ್ತಾರೆ. ಈ ಮಾತುಗಳ ಮೂಲ ಒಂದೋ ಬೇರೆಯೋ ಎಂಬ ಚರ್ಚೆಯನ್ನು ನಿಘಂಟುಕಾರರಿಗೆ ಬಿಡೋಣ. ಈ ಬಾರಿ ದೀಪಾವಳಿಯ ಕುಂಡವನ್ನು ಕಸದ ಗಾಡಿಗೆ ಎತ್ತುವ ಮುನ್ನ ಬುಡದ ಮಣ್ಣನ್ನು ಒಮ್ಮೆ ಸರಿಸಿ ನೋಡಿದರೆ ಸಾಕು.